ಅದಿರು ಧೂಳಿನ ದಾರಿಯಲ್ಲಿ ದಿನಾ ಬೈಕ್ ಓಡಿಸುವವರು ಮನೆಯಲ್ಲೇ ಏನೇನು ನೋಡಿಕೊಳ್ಳಬಹುದು?

ನಿಮ್ಮ ಪ್ರಶ್ನೆ ಇಷ್ಟು: 2018ರ ಸ್ಪ್ಲೆಂಡರ್, ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಹೋಗಿ ಬರುತ್ತೀರಿ. 65 ಕೊಡುತ್ತಿದ್ದ ಮೈಲೇಜ್ 52ಕ್ಕೆ ಇಳಿದಿದೆ. ಚೈನ್ ಕಟಕಟ ಅನ್ನುತ್ತದೆ. ಸರ್ವೀಸಿಗೆ ಬಿಟ್ಟರೆ ಅರ್ಧ ದಿನದ ಸಂಬಳ ಹೋಗುತ್ತದೆ, ಹಾಗಾಗಿ ಮನೆಯಲ್ಲೇ ಎಷ್ಟು ಮಾಡಿಕೊಳ್ಳಬಹುದು ಅಂತ ಕೇಳಿದ್ದೀರಿ.

ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ಆಯಿಲ್, ಪ್ಲಗ್ ಎಲ್ಲ ಆಮೇಲೆ.

ನಾನು ಕುಡಿತಿನಿ ದಾಟಿ ಒಂದು ಹಳ್ಳಿಯ ಶಾಲೆಗೆ 7 ವರ್ಷ ಇದೇ ರಸ್ತೆಯಲ್ಲಿ ಹೋಗಿಬಂದಿದ್ದೇನೆ. ಈಗ ಸಿರುಗುಪ್ಪ ಕಡೆಗೆ ವರ್ಗವಾಗಿದೆ. ನನ್ನದೂ ಸ್ಪ್ಲೆಂಡರ್, ನಿಮ್ಮದಕ್ಕಿಂತ ಹಳೆಯದು. ಈ ರಸ್ತೆಯಲ್ಲಿ ಗಾಡಿಯನ್ನು ಹಾಳು ಮಾಡುವುದು ದೂರಕ್ಕಿಂತ ಧೂಳೇ ಜಾಸ್ತಿ. ಸರ್ವೀಸ್ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ ಇದು, ಅಷ್ಟಕ್ಕೆ ಅದು ಅಂತ ಪಟ್ಟಿ ಇರುತ್ತದಲ್ಲ, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಮಾತೂ ಇರುತ್ತದೆ: ಧೂಳಿನ ಜಾಗದಲ್ಲಿ ಓಡಿಸುವವರು ಇನ್ನೂ ಬೇಗ ಮಾಡಿಸಿ. ನಮ್ಮ ಕಡೆಯವರು ಓದಬೇಕಾದದ್ದು ಆ ಸಾಲನ್ನೇ.

ಸಂಡೂರು ಗುಡ್ಡದ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಕಬ್ಬಿಣದ ಆಕ್ಸೈಡನ್ನೇ ನುಣ್ಣಗೆ ಪುಡಿ ಮಾಡಿ ಒಡವೆಗೆ, ಗಾಜಿಗೆ ಪಾಲಿಶ್ ಕೊಡಲು ಬಳಸುತ್ತಾರೆ. ಗಾಜನ್ನೇ ಉಜ್ಜುವ ಪುಡಿ ಪಿಸ್ಟನ್ ರಿಂಗಿಗೆ, ಚೈನಿನ ಪಿನ್ನಿಗೆ ಏನು ಮಾಡೀತು ಅಂತ ಯೋಚನೆ ಮಾಡಿ. ಇನ್ನೊಂದು ಲೆಕ್ಕ ನೋಡಿ. ನಿಮ್ಮ ಎಂಜಿನ್ 97.2 ಸಿಸಿ. 5000 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ 2500 ಸಲ ಗಾಳಿ ಎಳೆದುಕೊಳ್ಳುತ್ತದೆ. ಪೂರ್ತಿ ಎಕ್ಸಲೇಟರ್ ಕೊಟ್ಟಿದ್ದರೆ ನಿಮಿಷಕ್ಕೆ ಸುಮಾರು 200 ಲೀಟರ್ ಗಾಳಿ. ಮನೆಯಲ್ಲಿ ನೀರು ತುಂಬಿಡುವ ದೊಡ್ಡ ಡ್ರಮ್ ಇದೆಯಲ್ಲ, ಅಷ್ಟು. ಅದಿರು ಲಾರಿಯ ಹಿಂದೆ ಹೋಗುವಾಗ ಆ ಡ್ರಮ್ಮಿನ ತುಂಬ ಕೆಂಪು ಧೂಳು.

ಫಿಲ್ಟರ್ ಇರುವುದು ಸೈಡ್ ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ. ಒಂದು ಸ್ಕ್ರೂಡ್ರೈವರ್ ಸಾಕು. ಬಿಚ್ಚುವ ಮುಂಚೆ ಡಬ್ಬಿಯ ಹೊರಗಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲಾಂದ್ರೆ ಮುಚ್ಚಳ ತೆಗೆದ ಕೂಡಲೇ ಅದೇ ಒಳಗೆ ಬೀಳುತ್ತದೆ. ಫಿಲ್ಟರ್ ಹೊರಗೆ ತೆಗೆದ ಮೇಲೆ ಎಂಜಿನ್ ಕಡೆಗೆ ಹೋಗುವ ರಬ್ಬರ್ ಕೊಳವೆಯ ಒಳಗೆ ಬೆರಳು ಆಡಿಸಿ. ಬೆರಳು ಚೊಕ್ಕ ಬಂದರೆ ಸಮಾಧಾನ. ಕೆಂಪಗೆ ಬಂದರೆ ಫಿಲ್ಟರ್ ಹರಿದಿದೆ, ಅಥವಾ ಅಂಚು ಸರಿಯಾಗಿ ಕೂತಿಲ್ಲ. ಧೂಳು ಪಕ್ಕದಿಂದ ನುಸುಳಿ ನೇರ ಎಂಜಿನ್ನಿಗೆ ಹೋಗುತ್ತಿದೆ. ನನ್ನ ಅನುಭವದಲ್ಲಿ ಕಟ್ಟಿಕೊಂಡ ಫಿಲ್ಟರಿಗಿಂತ ಸೊಟ್ಟಗೆ ಕೂತ ಫಿಲ್ಟರ್ ಹೆಚ್ಚು ಅಪಾಯ. ಕಟ್ಟಿಕೊಂಡರೆ ಗಾಡಿ ಎಳೆಯುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ನಿಮಗೆ ಗೊತ್ತಾಗುತ್ತದೆ. ಸೊಟ್ಟಗೆ ಕೂತರೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಅಷ್ಟರಲ್ಲಿ ಪಿಸ್ಟನ್ನಿನ ರಿಂಗು, ಬೋರು (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ) ಸವೆದಿರುತ್ತವೆ.

ಫಿಲ್ಟರನ್ನು ತೊಳೆಯಬೇಕೋ ಬೇಡವೋ ಅನ್ನುವಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಕೈಯಲ್ಲಿ ಮುಟ್ಟಿ ನೋಡಿ. ಸ್ಪಂಜಿನ ಹಾಗಿದ್ದರೆ ಸೋಪಿನ ನೀರಲ್ಲಿ ಅದ್ದಿ, ಹಿಂಡದೆ ಮೆತ್ತಗೆ ಒತ್ತಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಸ್ವಲ್ಪ ಎಂಜಿನ್ ಆಯಿಲ್ ಸವರಿ ಹಾಕಬಹುದು. ಒಣ ಕಾಗದದ್ದಾದರೆ ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಗೆ ಗಾಳಿ ಹಿಡಿಯಬಹುದು, ಅದೂ ದೂರದಿಂದ. ಮುಟ್ಟಿದರೆ ಎಣ್ಣೆ ಅಂಟಂಟು ಕಾಗದವಾದರೆ ಅದಕ್ಕೆ ಏನೂ ಮಾಡಬೇಡಿ. ಆ ಎಣ್ಣೆಯೇ ಧೂಳು ಹಿಡಿಯುವುದು. ಗಾಳಿ ಹೊಡೆದರೆ ಎಣ್ಣೆ ಹೋಗುತ್ತದೆ, ಧೂಳು ಉಳಿಯುತ್ತದೆ. ಕೊಳೆಯಾದರೆ ಹೊಸದು ಹಾಕುವುದೊಂದೇ ದಾರಿ. ಈ ರಸ್ತೆಯಲ್ಲಿ ನಾನು ತಿಂಗಳಿಗೊಮ್ಮೆ ಬಿಚ್ಚಿ ನೋಡುತ್ತಿದ್ದೆ. ಪುಸ್ತಕ ಹೇಳುವ ಕಿಲೋಮೀಟರಿನ ಅರ್ಧಕ್ಕೇ ಬದಲಿಸುತ್ತಿದ್ದೆ. ಫಿಲ್ಟರಿನ ದುಡ್ಡು ಬೋರ್ ಮಾಡಿಸುವ ದುಡ್ಡಿನ ಮುಂದೆ ಏನೂ ಅಲ್ಲ.

ಈಗ ಚೈನ್. ಸ್ಪ್ಲೆಂಡರಿಗೆ ಪೂರ್ತಿ ಮುಚ್ಚಿದ ಚೈನ್ ಕವರ್ ಇದೆ, ಅದು ಒಳ್ಳೆಯದೇ. ಆದರೆ ಒಮ್ಮೆ ಒಳಗೆ ಹೋದ ಧೂಳು ಹೊರಗೆ ಬರುವುದೂ ಇಲ್ಲ. ಅಲ್ಲೇ ಎಣ್ಣೆಯ ಜೊತೆ ಸೇರಿ ಸಾಣೆಪುಡಿಯ ಹಾಗೆ ಆಗುತ್ತದೆ. ತಿಂಗಳಿಗೊಮ್ಮೆ ಕವರ್ ಬಿಚ್ಚಿ ತೊಳೆಯಿರಿ. ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ, ನ್ಯೂಟ್ರಲ್‌ನಲ್ಲಿ, ಎಂಜಿನ್ ಆಫ್. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬಟ್ಟೆ ಸಿಕ್ಕಿದರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ.

ತೊಳೆಯುವುದಕ್ಕೆ ಸೀಮೆಎಣ್ಣೆ ಒಳ್ಳೆಯದು. ಈಗ ಸಿಗುವುದು ಕಷ್ಟ, ಹಾಗಾಗಿ ಡೀಸೆಲ್ ಬಳಸುತ್ತೇನೆ. ಪೆಟ್ರೋಲ್ ಬೇಡ, ಬೆಂಕಿಯ ಭಯ. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಬಟ್ಟೆ ಇದ್ದರೆ ಆಯಿತು. ಬಟ್ಟೆಗೆ ನಮ್ಮ ಊರಲ್ಲಿ ಬರವೇ ಇಲ್ಲ. ಜೀನ್ಸ್ ಹೊಲಿಯುವ ಕಡೆ ಕೇಳಿದರೆ ಚೂರುಪಾರು ಒಂದು ಚೀಲ ಕೊಡುತ್ತಾರೆ. ಜೀನ್ಸ್ ಬಟ್ಟೆ ದಪ್ಪ, ಗ್ರೀಸ್ ಚೆನ್ನಾಗಿ ಹಿಡಿಯುತ್ತದೆ, ನೂಲು ಬಿಡುವುದೂ ಕಡಿಮೆ.

ಒಣಗಿದ ಮೇಲೆ 90 ನಂಬರ್ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇ. ಚೈನಿನ ಒಳಬದಿಗೆ, ತೆಳ್ಳಗೆ. ರಾತ್ರಿ ಹಾಕಿ ಬೆಳಗ್ಗೆ ಹೆಚ್ಚಾದದ್ದನ್ನು ಒರೆಸಿಬಿಡಿ. ಎಣ್ಣೆ ಬೇಕಾಗಿರುವುದು ಪಿನ್ನಿನ ಒಳಗೆ. ಮೇಲೆ ಉಳಿದದ್ದು ಧೂಳನ್ನು ಕರೆಯುತ್ತದೆ ಅಷ್ಟೇ. ಗ್ರೀಸ್ ಮೆತ್ತುವುದು, ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ ಸುರಿಯುವುದು ಎರಡೂ ಬೇಡ.

ನಿಮ್ಮ ಕಟಕಟ ಸದ್ದು ಚೈನ್ ಸಡಿಲವಾಗಿ ಕವರಿಗೆ ಬಡಿಯುವುದೇ ಇರಬಹುದು. ಕವರಿನಲ್ಲಿ ರಬ್ಬರ್ ಬಿರಡೆ ಇರುವ ತೂತು ಇದೆ. ಅಲ್ಲಿಂದ ಚೈನನ್ನು ಮೇಲೆ ಕೆಳಗೆ ಆಡಿಸಿ. ಒಂದು ಇಂಚಿನ ಆಸುಪಾಸು ಆಡಬೇಕು. ಸರಿಯಾದ ಅಳತೆ ನಿಮ್ಮ ಪುಸ್ತಕದಲ್ಲಿದೆ. ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ, ಯಾಕಂದ್ರೆ ಸವೆದ ಚೈನ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇರುತ್ತದೆ. ಎಲ್ಲಿ ಅತೀ ಬಿಗಿಯೋ ಅಲ್ಲಿ ಅಳತೆ ಹಿಡಿಯಿರಿ. ಬಿಗಿ ಮಾಡುವಾಗ ಆಕ್ಸಲ್ ನಟ್ ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರನ್ನು ಸಮಸಮ ತಿರುಗಿಸಿ, ಪಟ್ಟಿಯ ಮೇಲಿನ ಗೀಟು ಎರಡೂ ಕಡೆ ಒಂದೇ ಇದೆಯಾ ನೋಡಿ.

ಇಲ್ಲಿ ನನಗಾದದ್ದನ್ನು ಹೇಳಲೇಬೇಕು. ಒಂದು ಬೇಸಿಗೆ ಭಾನುವಾರ ಸಂಜೆ ನಾನೇ ಚೈನ್ ಬಿಗಿ ಮಾಡಿದೆ. ಸದ್ದು ಹೋಯಿತು, ಖುಷಿಯಾಯಿತು. ಸೋಮವಾರ ಬೆಳಗ್ಗೆ ಶಾಲೆಗೆ ಹೊರಟೆ. ಅರ್ಧ ದಾರಿಯಲ್ಲಿ ಗಾಡಿ ಎಳೆಯಲು ಒದ್ದಾಡಿತು. ಕುಡಿತಿನಿ ಹತ್ತಿರ ಬರುವಷ್ಟರಲ್ಲಿ ಸುಟ್ಟ ವಾಸನೆ. ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯ ಭಾಯ್ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರು. ಚುರ್ ಅಂತು.

"ಚೈನ್ ಟೈಟ್ ಮಾಡಿದ್ರಾ ಸಾರ್?"

"ಹೌದು, ನಿನ್ನೆ."

"ಆಮೇಲೆ ಬ್ರೇಕ್ ನೋಡಿಲ್ಲ."

ಅವರು ಹೇಳಿದ್ದು ಸರಿ. ಚೈನ್ ಬಿಗಿ ಮಾಡುವುದು ಅಂದರೆ ಹಿಂದಿನ ಚಕ್ರವನ್ನು ಹಿಂದಕ್ಕೆ ಸರಿಸುವುದು. ಚಕ್ರ ಹಿಂದೆ ಹೋದರೆ ಅದರ ಜೊತೆ ಡ್ರಮ್ಮಿನ ಪ್ಲೇಟೂ ಹೋಗುತ್ತದೆ. ಬ್ರೇಕ್ ರಾಡ್ ಮಾತ್ರ ಪೆಡಲಿಗೆ ಕಟ್ಟಿಕೊಂಡು ಅಲ್ಲೇ ಇರುತ್ತದೆ. ಅಂದರೆ ನೀವು ಮುಟ್ಟದೇ ಇದ್ದರೂ ಬ್ರೇಕ್ ಬಿಗಿಯಾಗುತ್ತದೆ. ನಾನು ಅಷ್ಟು ದೂರ ಬ್ರೇಕ್ ಹಿಡಿದುಕೊಂಡೇ ಓಡಿಸಿದ್ದೆ. ಅವರು ರಾಡಿನ ನಟ್ಟನ್ನು ಕೆಲವು ಸುತ್ತು ಸಡಿಲಿಸಿದರು, ಡ್ರಮ್ ಆರುವ ತನಕ ಕೂರಿಸಿದರು. ದುಡ್ಡು ತಗೊಳ್ಳಲಿಲ್ಲ. ಬ್ರೇಕ್ ಶೂ ಮಾತ್ರ ಗಾಜಿನ ಹಾಗೆ ನುಣ್ಣಗಾಗಿತ್ತು, ಅದನ್ನು ಬದಲಿಸಬೇಕಾಯಿತು. ದಾರಿಯಲ್ಲಿ ಲಾರಿಗಳ ನಡುವೆ ಚಕ್ರ ಪೂರ್ತಿ ಹಿಡಿದುಕೊಂಡಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಆದ್ದರಿಂದ ಚೈನ್ ಮುಟ್ಟಿದ ಮೇಲೆ ಹಿಂದಿನ ಚಕ್ರವನ್ನು ಕೈಯಲ್ಲಿ ಒಮ್ಮೆ ಬೀಸಿ ತಿರುಗಿಸಿ. ಸರಾಗ ತಿರುಗಬೇಕು. ಆಮೇಲೆ ಪೆಡಲ್ ಒತ್ತಿ ನೋಡಿ, ಸ್ವಲ್ಪ ಆಟ ಇದ್ದು ಆಮೇಲೆ ಹಿಡಿಯಬೇಕು. ಆಕ್ಸಲ್ ನಟ್ ಗಟ್ಟಿ ಇದೆಯಾ ಅಂತ ಎರಡು ಸಲ ನೋಡಿ. ನಿಮ್ಮ ಮೈಲೇಜ್ ಇಳಿದಿದ್ದಕ್ಕೆ ಹೀಗೆ ಬ್ರೇಕ್ ಉಜ್ಜುತ್ತಿರುವುದೂ ಒಂದು ಕಾರಣ ಇರಬಹುದು. ಇತ್ತೀಚೆಗೆ ಯಾರಾದರೂ ಚೈನ್ ಬಿಗಿ ಮಾಡಿದ್ದರಾ, ನೆನಪು ಮಾಡಿಕೊಳ್ಳಿ.

ಅಡ್ಜಸ್ಟರ್ ಕೊನೆಗೆ ಬಂದಿದ್ದರೆ, ಅಥವಾ ಹಿಂದಿನ ಸ್ಪ್ರಾಕೆಟಿನ (ಚೈನ್ ಕೂರುವ ಹಲ್ಲುಚಕ್ರ) ಹಲ್ಲು ಕುಡುಗೋಲಿನ ಹಾಗೆ ಒಂದೇ ಕಡೆ ಬಾಗಿದ್ದರೆ, ಬಿಗಿ ಮಾಡಿ ಉಪಯೋಗವಿಲ್ಲ. ಚೈನ್, ಎರಡೂ ಸ್ಪ್ರಾಕೆಟ್ ಸೇರಿ ಪೂರ್ತಿ ಸೆಟ್ ಹಾಕಿಸಿ. ಚೈನ್ ಒಂದೇ ಹೊಸದು ಹಾಕಿದರೆ ಹಳೆಯ ಹಲ್ಲು ಅದನ್ನೂ ಬೇಗ ತಿಂದುಹಾಕುತ್ತದೆ.

ಆಯಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಸ್ತಕದಲ್ಲಿ ಹೇಳಿದ ಗ್ರೇಡನ್ನೇ ಹಾಕಿ. ಕಾರಿನ ಆಯಿಲ್ ಉಳಿದಿದೆ ಅಂತ ಹಾಕಬೇಡಿ. ನಮ್ಮ ಬೈಕಿನಲ್ಲಿ ಕ್ಲಚ್ ಪ್ಲೇಟು ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಕಾರಿನ ಕೆಲವು ಆಯಿಲ್ ಜಾರಿಕೆ ಜಾಸ್ತಿ, ಕ್ಲಚ್ ಸ್ಲಿಪ್ ಆಗುತ್ತದೆ. ಮನೆಯಲ್ಲೇ ಬದಲಿಸುವುದಾದರೆ ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಇಳಿಸಿ. ಕೆಳಗಿನ ಬೋಲ್ಟನ್ನು ಮೊದಲು ಬೆರಳಲ್ಲೇ ಕೂರಿಸಿ, ಆಮೇಲೆ ಪಾನಾ ಹಾಕಿ. ಎಂಜಿನ್ನಿನ ಮೈ ಅಲ್ಯೂಮಿನಿಯಂ, ಬಲ ಹಾಕಿದರೆ ಥ್ರೆಡ್ ಹೋಗುತ್ತದೆ. ಇಳಿಸಿದ ಆಯಿಲನ್ನು ಚರಂಡಿಗೆ ಸುರಿಯಬೇಡಿ. ಗ್ಯಾರೇಜಿನಲ್ಲಿ ಅದಕ್ಕೆ ಡ್ರಮ್ ಇಟ್ಟಿರುತ್ತಾರೆ, ಬಾಟಲಿಯಲ್ಲಿ ತುಂಬಿಕೊಂಡು ಹೋಗಿ ಕೊಡಿ. ಟ್ಯಾಪೆಟ್ (ಎಂಜಿನ್ನಿನ ವಾಲ್ವ್ ಒತ್ತುವ ಭಾಗ), ಕ್ಲಚ್ ಪ್ಲೇಟ್, ಮುಂದಿನ ಫೋರ್ಕ್, ಇವನ್ನು ಮಾತ್ರ ಮೆಕ್ಯಾನಿಕ್‌ಗೇ ಬಿಡಿ.

ಗಾಳಿ ವಾರಕ್ಕೊಮ್ಮೆ, ಅದೂ ಬೆಳಗ್ಗೆ ಟೈರ್ ತಣ್ಣಗಿರುವಾಗ ನೋಡಿಸಿ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ 30 ಕಿ.ಮೀ. ಓಡಿಸಿ ಬಂದು ನೋಡಿದರೆ ಮೀಟರ್ ಜಾಸ್ತಿ ತೋರಿಸುತ್ತದೆ. ಸರಿ ಇದೆ ಅಂದುಕೊಂಡು ಕಡಿಮೆ ಗಾಳಿಯಲ್ಲೇ ಓಡಿಸುತ್ತೀರಿ. ಮೈಲೇಜ್ ಅಲ್ಲೂ ಹೋಗುತ್ತದೆ.

ತೊಳೆಯುವಾಗ ಟ್ಯಾಂಕ್ ಮೇಲಿನ ಕೆಂಪು ಧೂಳನ್ನು ಒಣ ಬಟ್ಟೆಯಿಂದ ಒರೆಸಬೇಡಿ, ಬಣ್ಣದ ಮೇಲೆ ಗೀರು ಬೀಳುತ್ತದೆ. ಮೊದಲು ನೀರು ಚಿಮುಕಿಸಿ ಇಳಿಸಿ, ಆಮೇಲೆ ಬಟ್ಟೆ. ನಮ್ಮ ಓಣಿಯಲ್ಲಿ ನೀರು ದಿನಾ ಬರುವುದಿಲ್ಲ, ಒಂದೇ ಬಕೆಟ್ಟಿನಲ್ಲಿ ಮುಗಿಸುತ್ತೇನೆ, ಸಾಕಾಗುತ್ತದೆ. ಜೋರಾಗಿ ನೀರು ಹೊಡೆಯುವ ಕಡೆ ತೊಳೆಸಿದರೆ ಚಕ್ರದ ಬೇರಿಂಗ್, ಏರ್ ಫಿಲ್ಟರ್ ಡಬ್ಬಿ, ಸ್ವಿಚ್ಚುಗಳ ಕಡೆ ಹಿಡಿಯಬೇಡಿ ಅಂತ ನಿಂತು ಹೇಳಿ.

ಓಡಿಸುವಾಗ ಅದಿರು ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗಬೇಡಿ. ಹಿಂದೆ ಬಿದ್ದು ಧೂಳು ಕೂರಲು ಬಿಡಿ, ಇಲ್ಲವೇ ಮುಂದೆ ಪೂರ್ತಿ ಕಾಣುವಾಗ ಮಾತ್ರ ದಾಟಿ. ರಸ್ತೆಯ ಅಂಚಿನಲ್ಲಿ ಅದಿರು ಪುಡಿ ರಾಗಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಅಲ್ಲಿ ಮುಂದಿನ ಬ್ರೇಕ್ ಗಕ್ಕನೆ ಹಿಡಿದರೆ ಚಕ್ರ ಜಾರುತ್ತದೆ. ಹೆಲ್ಮೆಟ್ಟಿನ ಗ್ಲಾಸ್ ಗೀರಾಗಿದ್ದರೆ ಬದಲಿಸಿ, ಸಂಜೆ ಎದುರು ಬರುವ ಲೈಟಿಗೆ ಏನೂ ಕಾಣುವುದಿಲ್ಲ.

ಸಿರುಗುಪ್ಪ, ಸಿಂಧನೂರು ಕಡೆ ಗದ್ದೆ ದಾರಿಯಲ್ಲಿ ಓಡಿಸುವವರೂ ಇದನ್ನು ಓದುತ್ತಿರಬಹುದು. ಅವರಿಗೆ ಒಂದು ಮಾತು. ಎರೆಮಣ್ಣು ಕೆಮ್ಮಣ್ಣಿನ ಹಾಗಲ್ಲ. ಮಳೆ ಬಿದ್ದ ದಿನ ಮುಂದಿನ ಟೈರು, ಮಡ್‌ಗಾರ್ಡ್ ನಡುವೆ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಒಂದು ಗಟ್ಟಿ ಕಡ್ಡಿ ಗಾಡಿಗೆ ಕಟ್ಟಿಕೊಂಡಿರಿ. ಮನೆಗೆ ಬಂದ ಕೂಡಲೇ ಹಸಿ ಇರುವಾಗಲೇ ತೆಗೆಯಿರಿ, ಒಣಗಿದರೆ ಇಟ್ಟಿಗೆ.

ನೀವು ಈ ಭಾನುವಾರ ಬಿಸಿಲೇರುವ ಮುಂಚೆ 6 ಗಂಟೆಗೆ ಶುರು ಮಾಡಿ. ಫಿಲ್ಟರ್, ಹಿಂದಿನ ಚಕ್ರ ಸರಾಗ ತಿರುಗುತ್ತದಾ ಅನ್ನುವುದು, ಚೈನ್, ಗಾಳಿ, ಈ ನಾಲ್ಕನ್ನು ನೋಡಿ. ಆಮೇಲೆ ಟ್ಯಾಂಕ್ ಫುಲ್ ಮಾಡಿಸಿ ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಒಂದು ವಾರ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಆಗಲೂ 52ರಲ್ಲೇ ನಿಂತಿದ್ದರೆ ಆ ಲೆಕ್ಕದ ಚೀಟಿ ಹಿಡಿದುಕೊಂಡೇ ಮೆಕ್ಯಾನಿಕ್ ಹತ್ತಿರ ಹೋಗಿ. ಕಾರ್ಬೊರೇಟರ್, ಟ್ಯಾಪೆಟ್ ನೋಡಲು ಹೇಳಿ. ಉಳಿದದ್ದೆಲ್ಲ ನೀವೇ ನೋಡಿರುವುದರಿಂದ ಅರ್ಧ ದಿನ ಹಿಡಿಯುವುದಿಲ್ಲ.