ಮಿಲಿಟರಿ ಅಕಾಡೆಮಿಯ ಸಮ್ಮರ್ ಪ್ರೋಗ್ರಾಂ: ಕಳಿಸಿ, ಆದರೆ ಸೀಟಿಗೋಸ್ಕರ ಅಲ್ಲ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಮಗ ಹುಟ್ಟಿದ್ದು ಇಲ್ಲೇ ಅಮೆರಿಕದಲ್ಲಿ, ನೀವು ಮೊದಲ ಸಲ ಆನ್‌ಸೈಟ್‌ಗೆ ಬಂದಿದ್ದಾಗ. ಬೆಳೆದದ್ದು ಬೆಂಗಳೂರಿನಲ್ಲಿ. ಈಗ ಎಚ್-1ಬಿ ವೀಸಾ ಮೇಲೆ ಮನೆಮಂದಿಯೆಲ್ಲ ವರ್ಜೀನಿಯಾಗೆ ಬಂದು ಒಂದು ವರ್ಷ ಆಗಿದೆ, ಅವನು ಹತ್ತನೇ ಗ್ರೇಡ್‌ನಲ್ಲಿದ್ದಾನೆ. ಅನಾಪೊಲಿಸ್‌ನ ನೇವಲ್ ಅಕಾಡೆಮಿ ಅಥವಾ ಭೂಸೇನೆಯ ವೆಸ್ಟ್ ಪಾಯಿಂಟ್, ಅಂದರೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಕಾಲೇಜಿಗೇ ಸೇರಬೇಕು ಅಂತ ಹಟ ಹಿಡಿದಿದ್ದಾನೆ. ಅವರ ಬೇಸಿಗೆ ಪ್ರೋಗ್ರಾಂಗೆ ಕಳಿಸಿದರೆ ಅಡ್ಮಿಷನ್ ಚಾನ್ಸ್ ಜಾಸ್ತಿ ಆಗುತ್ತಾ, ಅಷ್ಟು ದುಡ್ಡು ಹಾಕಬಹುದಾ ಅಂತ ನಿಮ್ಮ ಪ್ರಶ್ನೆ.

ಅಲ್ಲಿಗೆ ಹೋಗಿ ಬಂದ ಅಂತ ಅಂಕ ಸಿಗುವುದಿಲ್ಲ. ಆದರೂ ಅವಕಾಶ ಸಿಕ್ಕರೆ ಕಳಿಸಿ. ಯಾಕೆ ಅಂತ ಹೇಳುತ್ತೇನೆ. ನನ್ನ ಮಗ ಅನಾಪೊಲಿಸ್‌ನಲ್ಲೇ ಓದಿದವನು, ಈ ಬೇಸಿಗೆ ಪ್ರೋಗ್ರಾಂ ಮಾಡಿಯೇ ಹೋದವನು, ಹಾಗಾಗಿ ಇದನ್ನೆಲ್ಲ ಮನೆಯೊಳಗೆ ನೋಡಿದ್ದೇನೆ.

ಒಂದೊಂದು ಅಕಾಡೆಮಿಗೂ ಒಂದೊಂದು ಪ್ರೋಗ್ರಾಂ ಇದೆ. ನೇವಿಯದ್ದು ಸಮ್ಮರ್ ಸೆಮಿನಾರ್, ಎಲ್ಲರೂ ನಾಸ್ ಅಂತಾರೆ. ವೆಸ್ಟ್ ಪಾಯಿಂಟ್‌ನದು ಸಮ್ಮರ್ ಲೀಡರ್ಸ್ ಎಕ್ಸ್‌ಪೀರಿಯೆನ್ಸ್, ಅಂದರೆ ಎಸ್‌ಎಲ್‌ಇ. ಕೊಲೊರಾಡೊ ಸ್ಪ್ರಿಂಗ್ಸ್‌ನ ಏರ್‌ಫೋರ್ಸ್ ಅಕಾಡೆಮಿಗೂ ಒಂದಿದೆ, ಕನೆಕ್ಟಿಕಟ್‌ನ ಕೋಸ್ಟ್ ಗಾರ್ಡ್‌ನದಕ್ಕೆ ಏಮ್ ಅಂತ ಹೆಸರು. ಎಲ್ಲವೂ ಹೆಚ್ಚುಕಡಿಮೆ ಒಂದು ವಾರದವು. ಹನ್ನೊಂದು ಮುಗಿಸಿ ಹನ್ನೆರಡಕ್ಕೆ ಹೋಗುವ ಮಕ್ಕಳಿಗೆ. ಫೀಸು ಕೆಲವು ನೂರು ಡಾಲರ್, ಪ್ರಯಾಣದ ಖರ್ಚು ಬೇರೆ. ನೀವು ವರ್ಜೀನಿಯಾದಲ್ಲಿ ಇರುವುದರಿಂದ ಅನಾಪೊಲಿಸ್‌ಗೆ ಕಾರಿನಲ್ಲೇ ಬಿಟ್ಟು ಬರಬಹುದು.

"ಹೋದವರಿಗೆ ಸೀಟು ಸಿಕ್ಕಿದೆ, ಆದ್ದರಿಂದ ಹೋದರೆ ಸಿಗುತ್ತೆ" ಅನ್ನುವ ಮಾತು ನಮ್ಮವರ ನಡುವೆ ಬಹಳ ಓಡಾಡುತ್ತದೆ. ಊರಲ್ಲಿ ರ್‍ಯಾಂಕ್ ಬಂದವರೆಲ್ಲ ಒಂದೇ ಟ್ಯೂಷನ್‌ಗೆ ಹೋಗಿದ್ದರು ಅಂತ ಆ ಟ್ಯೂಷನ್ ಹೆಸರು ಹೇಳುತ್ತಾರಲ್ಲ, ಆ ಟ್ಯೂಷನ್‌ನವರು ಮೊದಲೇ ತೊಂಬತ್ತೈದು ಪರ್ಸೆಂಟ್ ಇದ್ದವರನ್ನು ಮಾತ್ರ ಸೇರಿಸಿಕೊಂಡಿರುತ್ತಾರೆ. ಇದೂ ಹಾಗೇ. ಬೇಸಿಗೆ ಪ್ರೋಗ್ರಾಂಗೂ ಅರ್ಜಿ ಹಾಕಬೇಕು, ಅಲ್ಲೂ ಮಾರ್ಕ್ಸ್, ಟೆಸ್ಟ್ ಸ್ಕೋರು, ಆಟ, ಚಟುವಟಿಕೆ ಎಲ್ಲ ನೋಡಿಯೇ ಆರಿಸುತ್ತಾರೆ. ಅಂಥ ಮಕ್ಕಳಿಗೆ ಮುಂದೆ ಸೀಟು ಸಿಗುವುದು ಅವರ ಹಿಂದಿನ ಕೆಲಸಕ್ಕೆ. ಒಂದು ವಾರಕ್ಕಲ್ಲ. ಇದರ ಇನ್ನೊಂದು ಮಗ್ಗುಲು ನಿಮಗೆ ಜಾಸ್ತಿ ಮುಖ್ಯ: ಬೇಸಿಗೆಗೆ ಆಯ್ಕೆ ಆಗಲಿಲ್ಲ ಅಂದರೆ ಅಕಾಡೆಮಿಯ ಬಾಗಿಲು ಮುಚ್ಚಿತು ಅಂತಲ್ಲ. ನಮ್ಮ ಪರಿಚಯದ ಒಂದು ತೆಲುಗು ಮನೆಯ ಹುಡುಗಿಗೆ ಬೇಸಿಗೆಯಲ್ಲಿ ಸಿಗಲಿಲ್ಲ, ಮುಂದಿನ ವರ್ಷ ಅಕಾಡೆಮಿಗೇ ಸೇರಿದಳು. ಹೋಗಿ ಬಂದು ಸೀಟು ಸಿಗದವರನ್ನೂ ಕಂಡಿದ್ದೇನೆ.

ಹಾಗಾದರೆ ಉಪಯೋಗ ಏನು?

ಸಣ್ಣ ಉಪಯೋಗಗಳನ್ನು ಮೊದಲು ಹೇಳಿಬಿಡುತ್ತೇನೆ. ನಾಸ್‌ಗೆ ಹಾಕುವ ಅರ್ಜಿಯೇ ನೇವಲ್ ಅಕಾಡೆಮಿಯ ಪ್ರಾಥಮಿಕ ಅರ್ಜಿಯೂ ಆಗುತ್ತದೆ, ಹಾಗಾಗಿ ಫೈಲು ಬೇಗ ತೆರೆದುಕೊಳ್ಳುತ್ತದೆ. ಸಿಎಫ್‌ಎ ಅಂತ ಒಂದು ದೈಹಿಕ ಪರೀಕ್ಷೆ ಇದೆ, ಅದರ ರುಚಿಯೂ ಅಲ್ಲಿ ಸಿಗುತ್ತದೆ. ಪುಲ್‌ಅಪ್, ಪುಷ್‌ಅಪ್, ಕ್ರಂಚಸ್, ಒಂದು ಮೈಲಿ ಓಟ, ಶಟಲ್ ಓಟ, ಜೊತೆಗೆ ಬಾಸ್ಕೆಟ್‌ಬಾಲ್ ಎಸೆತ. ಈ ಕೊನೆಯದು ನೋಡಲು ಸುಲಭ, ಮಾಡಲು ಅಲ್ಲ. ಎರಡೂ ಮೊಣಕಾಲು ನೆಲಕ್ಕೂರಿ, ಒಂದೇ ಕೈಯಲ್ಲಿ, ತಲೆಯ ಮೇಲಿಂದ ಎಸೆಯಬೇಕು. ನನ್ನ ಮಗ ಮನೆ ಮುಂದಿನ ಡ್ರೈವ್‌ವೇಯಲ್ಲಿ ಹಳೆ ಯೋಗ ಮ್ಯಾಟ್ ಮಡಚಿ ಮೊಣಕಾಲ ಕೆಳಗೆ ಹಾಕಿಕೊಂಡು ಎಸೆಯುತ್ತಿದ್ದ, ಅವನ ತಂಗಿ ಚಾಕ್‌ಪೀಸ್‌ನಲ್ಲಿ ಗೆರೆ ಹಾಕಿ ಟೇಪು ಹಿಡಿಯುತ್ತಿದ್ದಳು. ಕಾಲಿನ ಬಲವೇ ಇಲ್ಲದೆ ಬರೀ ಭುಜ ಮತ್ತು ಸೊಂಟದಿಂದ ಎಸೆಯಬೇಕಾಗಿರುವುದರಿಂದ ಶುರುವಿನಲ್ಲಿ ಚೆಂಡು ಅಲ್ಲೇ ಮುಂದೆ ಬೀಳುತ್ತದೆ, ಅಭ್ಯಾಸ ಇಲ್ಲದೆ ಪರೀಕ್ಷೆಯ ದಿನವೇ ಮೊದಲ ಸಲ ಎಸೆದರೆ ಕಷ್ಟ.

ದೊಡ್ಡ ಉಪಯೋಗ ಬೇರೆ. ಈ ಜೀವನ ತನಗೆ ಬೇಕಾ ಅಂತ ಹುಡುಗನಿಗೇ ಗೊತ್ತಾಗುತ್ತದೆ. ಅಲ್ಲಿ ಅವರನ್ನು ನೋಡಿಕೊಳ್ಳುವವರು ಅಲ್ಲೇ ಓದುತ್ತಿರುವ ಮಿಡ್‌ಶಿಪ್‌ಮನ್‌ಗಳು. ನಸುಕಿಗೆ ಎಬ್ಬಿಸಿ ಕಸರತ್ತು, ಸಾಲಾಗಿ ನಡೆದು ಊಟಕ್ಕೆ ಹೋಗುವುದು, ಕೇಳಿದ್ದಕ್ಕೆ ಗಂಟಲು ಹರಿಯುವಂತೆ ಕೂಗಿ ಉತ್ತರ ಕೊಡುವುದು, ಮಧ್ಯೆ ಎಂಜಿನಿಯರಿಂಗ್, ಇತಿಹಾಸದ ಕ್ಲಾಸುಗಳು. ಸುಮಾರು 4,400 ಮಕ್ಕಳು ಒಟ್ಟಿಗೆ ಇರುವ ಬ್ಯಾಂಕ್ರಾಫ್ಟ್ ಹಾಲ್ ಅನ್ನುವ ಒಂದೇ ಹಾಸ್ಟೆಲ್‌ನಲ್ಲಿ ಮಲಗುವುದು. ನನ್ನ ಮಗ ವಾಪಸ್ ಬಂದಾಗ ಗಂಟಲು ಕಟ್ಟಿಹೋಗಿತ್ತು, ಕಾರಿನಲ್ಲಿ ಪಿಸುಮಾತಿನಲ್ಲೇ ಎಲ್ಲ ಹೇಳಿದ. ಅವನ ರೂಮಿನಲ್ಲಿದ್ದ ಹುಡುಗ ಮೂರನೇ ದಿನಕ್ಕೇ "ಇದು ನನಗಲ್ಲ" ಅಂದನಂತೆ. ಅವನಿಗೂ ಆ ವಾರ ದಂಡ ಆಗಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಅದೇ ಮಾತು ಸೇರಿದ ಮೇಲೆ, ಹೊಸಬರಿಗೆ ಕೊಡುವ ಏಳು ವಾರದ ತರಬೇತಿ, ಪ್ಲೀಬ್ ಸಮ್ಮರ್ ನಡುವೆ ಹೊಳೆದಿದ್ದರೆ ಮನೆಯವರಿಗೆಲ್ಲ ಎಷ್ಟು ನೋವು.

ಅಡ್ಮಿಷನ್‌ಗೆ ಇದು ಸಹಾಯ ಮಾಡುವುದು ಬಳಸುದಾರಿಯಲ್ಲಿ. ನಮ್ಮ ಎನ್‌ಡಿಎ ಇದೆಯಲ್ಲ, ಯುಪಿಎಸ್‌ಸಿ ಪರೀಕ್ಷೆ ಬರೆದು ಎಸ್‌ಎಸ್‌ಬಿ ಪಾಸಾದರೆ ಮೆಡಿಕಲ್, ಮೆರಿಟ್ ಲಿಸ್ಟ್, ಇಲ್ಲಿ ಹಾಗಿಲ್ಲ. ಇಲ್ಲಿ ನಾಮಿನೇಷನ್ ಬೇಕು, ಅಂದರೆ ಜನಪ್ರತಿನಿಧಿಯೊಬ್ಬರು ಹುಡುಗನ ಹೆಸರು ಸೂಚಿಸಬೇಕು. ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳು, ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರು, ಜೊತೆಗೆ ಉಪಾಧ್ಯಕ್ಷರು, ಇವರಿಗೆಲ್ಲ ಬೇರೆ ಬೇರೆ ಅರ್ಜಿ ಹಾಕಬೇಕು. ಒಬ್ಬ ಸದಸ್ಯರ ಲೆಕ್ಕದಲ್ಲಿ ಒಂದೊಂದು ಅಕಾಡೆಮಿಯಲ್ಲಿ ಒಂದು ಸಮಯಕ್ಕೆ ಐದು ಮಂದಿ ಮಾತ್ರ ಇರಬಹುದು. ಕೋಸ್ಟ್ ಗಾರ್ಡ್ ಒಂದಕ್ಕೆ ಮಾತ್ರ ನಾಮಿನೇಷನ್ ಬೇಡ. ನಾಮಿನೇಷನ್ ಸಿಗಲು ವಶೀಲಿ, ಪರಿಚಯ, ದುಡ್ಡು ಯಾವುದೂ ಬೇಡ, ನಮ್ಮೂರ ಎಂಎಲ್‌ಎ ಲೆಟರ್ ಅಂತ ತಿಳಿಯಬೇಡಿ. ಬಹಳಷ್ಟು ಕಚೇರಿಗಳು ಸ್ಥಳೀಯರ ಒಂದು ಸಮಿತಿ ಮಾಡಿ ಇಂಟರ್‌ವ್ಯೂ ನಡೆಸುತ್ತವೆ, ಎಷ್ಟೋ ಕಡೆ ಅದರಲ್ಲಿ ನಿವೃತ್ತ ಅಧಿಕಾರಿಗಳೂ ಕೂತಿರುತ್ತಾರೆ. ಅಲ್ಲಿ ಮೊದಲು ಬರುವ ಪ್ರಶ್ನೆ "ಯಾಕೆ ಬೇಕು?". "ದೇಶಸೇವೆ, ಲೀಡರ್‌ಶಿಪ್" ಅಂತ ಎಲ್ಲ ಮಕ್ಕಳೂ ಹೇಳುತ್ತಾರೆ. ಒಂದು ವಾರ ಇದ್ದು ಬಂದವನು ತಾನು ನೋಡಿದ್ದನ್ನು ಹೇಳುತ್ತಾನೆ. ಆ ವ್ಯತ್ಯಾಸ ಎದುರಿಗೆ ಕೂತವರಿಗೆ ತಕ್ಷಣ ಕಾಣುತ್ತದೆ.

ಇದು ಬೇಸಿಗೆ ಪ್ರೋಗ್ರಾಂನಿಂದ ಮಾತ್ರ ಬರಬೇಕು ಅಂತೇನಿಲ್ಲ. ನಮ್ಮ ಎನ್‌ಸಿಸಿ ಥರದ ಜೆಆರ್‌ಒಟಿಸಿ, ಸೀ ಕೆಡೆಟ್ಸ್, ಸಿವಿಲ್ ಏರ್ ಪೆಟ್ರೋಲ್, ಸ್ಕೌಟ್ಸ್‌ನಲ್ಲಿ ಈಗಲ್ ಸ್ಕೌಟ್, ಮಾಜಿ ಸೈನಿಕರ ಸಂಘ ಅಮೆರಿಕನ್ ಲೀಜನ್ ನಡೆಸುವ ಬಾಯ್ಸ್ ಸ್ಟೇಟ್ ಶಿಬಿರ, ಇವೆಲ್ಲ ಅಷ್ಟೇ ತೂಕದವು, ಕೆಲವು ಜಾಸ್ತಿಯೇ. ವೆಸ್ಟ್ ಪಾಯಿಂಟ್‌ನ ಲೆಕ್ಕಾಚಾರದಲ್ಲಿ ಓದಿಗೆ 60 ಪರ್ಸೆಂಟ್, ನಾಯಕತ್ವಕ್ಕೆ 30, ದೈಹಿಕ ಪರೀಕ್ಷೆಗೆ 10. ನಮ್ಮ ಮನೆಗಳ ಮಕ್ಕಳು ಆ 60ರಲ್ಲಿ ಹಿಂದೆ ಬೀಳುವುದು ಕಡಿಮೆ. ಆ 30ರಲ್ಲೇ ಕಷ್ಟ. ಮ್ಯಾಥ್ ಒಲಿಂಪಿಯಾಡ್, ರೋಬೋಟಿಕ್ಸ್, ಪಿಯಾನೋ ಎಲ್ಲ ಇರುತ್ತದೆ, ತಂಡದ ಆಟ ಇರುವುದಿಲ್ಲ. ಮಗನಿಗೆ ಕ್ರಿಕೆಟ್ ಇಷ್ಟ ಅಂತ ಬರೆದಿದ್ದೀರಿ, ಸಂತೋಷ, ವೀಕೆಂಡ್ ಲೀಗ್ ಆಡಲಿ. ಆದರೆ ಸ್ಕೂಲಿನ ಕ್ರಾಸ್ ಕಂಟ್ರಿ ಅಥವಾ ರೆಸ್ಲಿಂಗ್ ತಂಡಕ್ಕೂ ಈಗಲೇ ಸೇರಿಸಿ. ಕ್ರಾಸ್ ಕಂಟ್ರಿಗೆ ಸಾಮಾನ್ಯವಾಗಿ ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ, ಹನ್ನೆರಡನೇ ಗ್ರೇಡ್‌ಗೆ ಕ್ಯಾಪ್ಟನ್ ಆದರೂ ಆಗಬಹುದು.

ಪೌರತ್ವದ ವಿಷಯ ನೀವು ಕೇಳಲಿಲ್ಲ, ಆದರೆ ಹೇಳಲೇಬೇಕು. ಸೇರುವ ವರ್ಷದ ಜುಲೈ 1ಕ್ಕೆ ಹುಡುಗ ಅಮೆರಿಕದ ಪ್ರಜೆ ಆಗಿರಬೇಕು. ನಿಮ್ಮ ಮಗ ಇಲ್ಲಿ ಹುಟ್ಟಿದವನು, ತೊಂದರೆ ಇಲ್ಲ, ತಂದೆತಾಯಿ ಎಚ್-1ಬಿ ಆಗಿದ್ದರೂ ಅಡ್ಡಿ ಇಲ್ಲ. ಆದರೆ ಬೆಂಗಳೂರಿನಲ್ಲಿ ಹುಟ್ಟಿ ಎಚ್-4 ಅವಲಂಬಿತರ ವೀಸಾ ಮೇಲೆ ಬಂದಿರುವ ನಿಮ್ಮ ಮಗಳಿಗೆ ಈ ದಾರಿ ಈಗ ಇಲ್ಲ. ಗ್ರೀನ್ ಕಾರ್ಡ್ ಬಂದರೂ ಸಾಲದು, ಪೌರತ್ವವೇ ಬೇಕು, ನಮ್ಮ ಕ್ಯೂ ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಒಂದೇ ಮನೆಯಲ್ಲಿ ಅಣ್ಣನಿಗೆ ಆಗುತ್ತೆ, ತಂಗಿಗೆ ಆಗಲ್ಲ. ಅವಳೂ ಅಣ್ಣನ ಹಿಂದೆ ಆಸೆ ಕಟ್ಟಿಕೊಳ್ಳುವ ಮೊದಲೇ ಕೂರಿಸಿಕೊಂಡು ಹೇಳಿಬಿಡಿ.

ಇನ್ನೊಂದು ಒಸಿಐ, ಅಂದರೆ ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡು. ಅವನು ಅಷ್ಟು ವರ್ಷ ಬೆಂಗಳೂರಿನಲ್ಲಿ ಇದ್ದದ್ದು ಒಸಿಐ ಮೇಲೆಯೇ ಇರಬೇಕು ಅಲ್ವಾ? ಭಾರತ ಸರ್ಕಾರದ ನಿಯಮದ ಪ್ರಕಾರ ಬೇರೆ ದೇಶದ ಸೇನೆಯಲ್ಲಿ ಇರುವವರಿಗೆ, ನಿವೃತ್ತರಿಗೂ ಸಹ, ಒಸಿಐ ಕೊಡುವುದಿಲ್ಲ. ಈಗಾಗಲೇ ಇರುವ ಕಾರ್ಡನ್ನು ಏನು ಮಾಡಬೇಕು ಅಂತ ಕಾನ್ಸುಲೇಟ್‌ಗೆ ಬರೆದು, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಓದು ಮುಗಿದ ಮೇಲೆ ಕನಿಷ್ಠ ಐದು ವರ್ಷ ಪೂರ್ಣಾವಧಿ ಸೇವೆ ಇದೆ, ಪೈಲಟ್ ಆದರೆ ಇನ್ನೂ ಜಾಸ್ತಿ. ಮೂರನೇ ವರ್ಷ ಶುರುವಾಗುವ ಮೊದಲು ಬಿಟ್ಟು ಬಂದರೆ ಆ ಬಾಧ್ಯತೆ ಇಲ್ಲ. ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ಹಾಸನದ ಅಜ್ಜಿ ತಾತ, ಚಿಕ್ಕಪ್ಪಂದಿರ ವಿವರವೂ ಕೊಡಬೇಕಾಗಬಹುದು. ಹೆದರುವಂಥದ್ದಲ್ಲ, ಆದರೆ ಬೇಕಾದಾಗಲೆಲ್ಲ ಟಿಕೆಟ್ ತೆಗೆದು ಊರಿಗೆ ಹೋಗುವ ಜೀವನ ಅಲ್ಲ ಅದು. ಅಜ್ಜಿಗೆ ಇದನ್ನು ಈಗಲೇ ಹೇಳಿ, ಸೀಟು ಸಿಕ್ಕ ಮೇಲೆ ಅಲ್ಲ.

ಮೆಡಿಕಲ್ ಬಗ್ಗೆ ಒಂದೇ ಮಾತು: ಹದಿಮೂರು ತುಂಬಿದ ಮೇಲೆ ಆಸ್ತಮಾ ಅಂತ ದಾಖಲೆಯಲ್ಲಿದ್ದರೆ ವೇವರ್, ಅಂದರೆ ವಿಶೇಷ ವಿನಾಯಿತಿ ಬೇಕಾಗುತ್ತದೆ. ಬೆಂಗಳೂರಿನ ಧೂಳಿಗೆ ಯಾವಾಗಲಾದರೂ ಇನ್ಹೇಲರ್ ಬರೆದುಕೊಟ್ಟಿದ್ದರೆ ಆ ಡಾಕ್ಟರ ಹಳೆ ಚೀಟಿಗಳನ್ನೆಲ್ಲ ತರಿಸಿಟ್ಟುಕೊಳ್ಳಿ, ಏನನ್ನೂ ಮುಚ್ಚಿಡಬೇಡಿ.

"ನಿಮ್ಮ ಮಗ ಆಯ್ಕೆಯಾಗಿದ್ದಾನೆ" ಅಂತ ದಪ್ಪ ಕಾಗದದಲ್ಲಿ, ಚಿನ್ನದ ಬಣ್ಣದ ಮುದ್ರೆ ಒತ್ತಿದ ಪತ್ರಗಳೂ ಮನೆಗೆ ಬರುತ್ತವೆ. ಅವು ಹೆಚ್ಚಾಗಿ ಖಾಸಗಿ ಲೀಡರ್‌ಶಿಪ್ ಕ್ಯಾಂಪುಗಳು, ಸಾವಿರಾರು ಡಾಲರ್. ಖಾಸಗಿ ಮಿಲಿಟರಿ ಬೋರ್ಡಿಂಗ್ ಸ್ಕೂಲುಗಳ ಬೇಸಿಗೆ ಕ್ಯಾಂಪುಗಳೂ ಇವೆ, ಶಿಸ್ತು ಕಲಿಯಲು ಕೆಲವು ಚೆನ್ನಾಗಿಯೇ ಇರಬಹುದು, ಆದರೆ ಅವಕ್ಕೂ ವೆಸ್ಟ್ ಪಾಯಿಂಟ್‌ಗೂ ಸಂಬಂಧ ಇಲ್ಲ. ಅಕಾಡೆಮಿಯ ಸ್ವಂತ ವೆಬ್‌ಸೈಟಿನಲ್ಲಿ ಅರ್ಜಿ ಇಲ್ಲದಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ.

ನಿಮ್ಮ ಮಗನಿಗೆ ಇನ್ನೂ ಒಂದು ವರ್ಷ ಇದೆ. ಈ ಬೇಸಿಗೆಗೆ ನೇವಲ್ ಅಕಾಡೆಮಿಯ ಸಮ್ಮರ್ ಸ್ಟೆಮ್ ಅನ್ನುವ ವಿಜ್ಞಾನ-ಎಂಜಿನಿಯರಿಂಗ್ ಶಿಬಿರ ನೋಡಿ, ಅದು ಚಿಕ್ಕ ತರಗತಿಯವರಿಗೆ, ಕ್ಯಾಂಪಸ್ ಕಂಡಂತೆ ಆಗುತ್ತದೆ. ಹನ್ನೊಂದರಲ್ಲಿ ಇರುವಾಗ ಹೊಸ ವರ್ಷದ ಹೊತ್ತಿಗೆ ನಾಸ್, ಎಸ್‌ಎಲ್‌ಇ ಅರ್ಜಿಗಳು ತೆರೆಯುತ್ತವೆ, ಅಷ್ಟರೊಳಗೆ ಎಸ್‌ಎಟಿ ಒಂದು ಸಲ ಬರೆದಿರಲಿ. ನಾಮಿನೇಷನ್ ಅರ್ಜಿಯ ಕೊನೆ ದಿನ ಒಂದೊಂದು ಕಚೇರಿಯದು ಒಂದೊಂದು ಥರ, ಹೆಚ್ಚಾಗಿ ಹನ್ನೆರಡನೇ ಗ್ರೇಡ್‌ನ ಶರತ್ಕಾಲದಲ್ಲಿ. ಕಾಂಗ್ರೆಸ್ ಸದಸ್ಯರ ಕಚೇರಿಗಳು ಅಕಾಡೆಮಿ ನೈಟ್ ಅಂತ ಮಾಹಿತಿ ಸಭೆ ಮಾಡುತ್ತವೆ, ಹತ್ತನೇ ಗ್ರೇಡ್‌ನವರೂ ಹೋಗಬಹುದು. ನಿಮ್ಮ ಕ್ಷೇತ್ರದ ಕಚೇರಿಗೆ ಈ ವಾರವೇ ಫೋನ್ ಮಾಡಿ ದಿನ ಕೇಳಿ, ಫೋನಿನಲ್ಲಿ ಮಾತನಾಡುವವನು ಮಗನೇ ಆಗಿರಲಿ.