ಹಂದಿ ತೋಟದಲ್ಲಿ, ಅಪ್ಪಣೆ ಪಂಚಾಯತಿನಲ್ಲಿ

ನಮ್ಮದೇ ಭೂಮಿ, ನಮ್ಮದೇ ಬೆಳೆ ಆಗಿರುವಾಗ ನುಗ್ಗಿದ ಕಾಡುಹಂದಿಯನ್ನು ನಾವೇ ಏಕೆ ಹೊಡೆಯಬಾರದು ಎಂದು ನೀವು ಬೆಂಗಳೂರಿನಿಂದ ಕೇಳಿದ್ದೀರಿ. ಕಾಸರಗೋಡಿನ ದೇಲಂಪಾಡಿ ಕಡೆಯ ಅಡಿಕೆ ಕೃಷಿಕನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಭೂಮಿಯ ಪಟ್ಟೆ ನನ್ನ ಹೆಸರಿನಲ್ಲಿದ್ದರೂ ಅದರ ಮೇಲೆ ಓಡಾಡುವ ಕಾಡುಪ್ರಾಣಿಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. 11ನೇ ಕಲಂ ಕೆಲವು ವಿನಾಯಿತಿಗಳನ್ನು ಕೊಡುತ್ತದೆ. ಮನುಷ್ಯನ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ, ಆದರೆ ಬಾಳೆಗಿಡದ ಪ್ರಾಣಕ್ಕೆ ಆ ರಕ್ಷಣೆ ಅನ್ವಯಿಸದು. ಬೆಳೆಗೆ ಅಪಾಯವಾದಾಗ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ (ಎರಡನೆಯ ದರ್ಜೆಯ ರಕ್ಷಣೆಯುಳ್ಳ ಪ್ರಾಣಿಗಳ ಪಟ್ಟಿಯಲ್ಲಿ) ಇರುವ ಕಾಡುಹಂದಿಯಂಥ ಪ್ರಾಣಿಯನ್ನು ಕೊಲ್ಲಲು ರಾಜ್ಯ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ಬರೆದು ಲಿಖಿತ ಅನುಮತಿ ಕೊಡಬೇಕು. ಕೊಂದ ಮೇಲೂ ಅದು ಸರ್ಕಾರದ ಸೊತ್ತು.

ಹಂದಿ ಅಡಿಕೆಯನ್ನು ತಿನ್ನುವುದಿಲ್ಲವಲ್ಲ, ಮತ್ತೇನು ನಷ್ಟ ಎಂದು ಕೇಳುವವರಿದ್ದಾರೆ. ಬುಡಕ್ಕೆ ಹಾಕಿದ ಸೊಪ್ಪು, ಗೊಬ್ಬರದ ಅಡಿಯಲ್ಲಿ ಎರೆಹುಳು ಹುಡುಕುತ್ತಾ ಅದು ಒಂದೇ ರಾತ್ರಿಯಲ್ಲಿ ಸಾಲುಗಟ್ಟಲೆ ಸಸಿಗಳನ್ನು ಅಗೆದು ಮಗುಚಿ ಹಾಕುತ್ತದೆ, ನೀರಿನ ಪೈಪುಗಳನ್ನು ಕಿತ್ತೆಸೆಯುತ್ತದೆ. ಮರಗೆಣಸಿನ ಹಿತ್ತಿಲನ್ನಂತೂ ಬೆಳಗ್ಗೆ ನೋಡಿದರೆ ಯಾರೋ ಉತ್ತಂತೆ ಕಾಣುತ್ತದೆ. ಗದ್ದೆ ಬೇಸಾಯ ಬಿಡಲು ನಮ್ಮ ಮನೆಯಲ್ಲಿ ಕೂಲಿಯಾಳಿನ ಅಭಾವದಷ್ಟೇ ಹಂದಿಯೂ ಕಾರಣವಾಯಿತು.

ಕಾಡುಹಂದಿಯನ್ನು ಉಪದ್ರವಕಾರಿ ಪ್ರಾಣಿ, ಅಂದರೆ ಅನುಮತಿಯಿಲ್ಲದೆ ಹೊಡೆಯಬಹುದಾದದ್ದು, ಎಂದು ಘೋಷಿಸುವ ಅಧಿಕಾರ 62ನೇ ಕಲಮಿನಂತೆ ಕೇಂದ್ರ ಸರ್ಕಾರದ್ದು. ಬಿಹಾರ, ಉತ್ತರಾಖಂಡಗಳಿಗೆ 2015–16ರಲ್ಲಿ ನಿರ್ದಿಷ್ಟ ಪ್ರದೇಶ ಮತ್ತು ಅವಧಿಗೆ ಅಂಥ ಘೋಷಣೆ ಸಿಕ್ಕಿತು. ಕೇರಳ 2021ರಲ್ಲಿ ಕೇಳಿದಾಗ ಸಿಗಲಿಲ್ಲ. ಆ ವರ್ಷವೇ ಕೇರಳ ಹೈಕೋರ್ಟು ತನ್ನ ಮುಂದೆ ಬಂದ ಕೆಲವು ಕೃಷಿಕರಿಗೆ ತಮ್ಮ ಜಮೀನಿನಲ್ಲಿ ಹಂದಿ ಹೊಡೆಯಲು ಅನುಮತಿ ಕೊಡುವಂತೆ ಮಧ್ಯಂತರ ಆದೇಶ ನೀಡಿತು. ಬಳಿಕ 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪಂಚಾಯತು ಅಧ್ಯಕ್ಷರು ಮತ್ತು ನಗರಸಭೆಯ ಮುಖ್ಯಸ್ಥರನ್ನು ಗೌರವ ವನ್ಯಜೀವಿ ಪಾಲಕರೆಂದು ನೇಮಿಸಿ, ಮೀಸಲು ಅರಣ್ಯದ ಹೊರಗೆ ಬೆಳೆಹಾನಿ ಮಾಡುವ ಹಂದಿಯನ್ನು ಪರವಾನಗಿಯುಳ್ಳ ಕೋವಿಯವರಿಂದ ಹೊಡೆಸುವ ಅಧಿಕಾರವನ್ನು ಅವರಿಗೆ ಕೊಟ್ಟಿತು. ವಿಷ, ಸ್ಫೋಟಕ, ವಿದ್ಯುತ್ ತಂತಿ ಬಳಸುವಂತಿಲ್ಲ. ಸತ್ತ ಹಂದಿಯನ್ನು ಹೂಳಿ ವರದಿ ಮಾಡಬೇಕು, ಮಾಂಸ ತಿನ್ನುವಂತಿಲ್ಲ. ಈ ಷರತ್ತುಗಳನ್ನು ನಾನು ಮನಸಾರೆ ಒಪ್ಪುತ್ತೇನೆ. 2020ರಲ್ಲಿ ಪಾಲಕ್ಕಾಡಿನ ಕಡೆ ಸ್ಫೋಟಕ ತುಂಬಿದ ಆಹಾರ ಕಚ್ಚಿ ಬಾಯಿ ಸೀಳಿಹೋದ ಗರ್ಭಿಣಿ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಅಧಿಕಾರ ಹತ್ತಿರ ಬಂದದ್ದು ನಿಜವಾದ ಉಪಕಾರ. ಭಾಷಾ ಅಲ್ಪಸಂಖ್ಯಾತ ಪ್ರದೇಶವಾದುದರಿಂದ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು, ಅಧ್ಯಕ್ಷರು ಗುರುತಿನವರಾಗಿರುತ್ತಾರೆ. ಆದರೆ ಹಂದಿ ಬರುವುದು ನಡುರಾತ್ರಿಯಲ್ಲಿ; ಕೋವಿಯವರು ಬೇರೆ ಊರಿನವರು, ಅವರು ಬರುವಷ್ಟರಲ್ಲಿ ಹಿಂಡು ಗುಡ್ಡ ಹತ್ತಿರುತ್ತದೆ. ಎರಡು ವರ್ಷದ ಹಿಂದೆ ನಾನು ಕೊಟ್ಟ ಅರ್ಜಿಗೆ ಒಪ್ಪಿಗೆ ಸಿಕ್ಕಿ ಜನ ಬಂದದ್ದು ಐದನೆಯ ದಿನ, ಆ ಹೊತ್ತಿಗೆ ನೇಂದ್ರ ಬಾಳೆಯ ಹೊಸ ನೆಡುತೋಪಿನಲ್ಲಿ ಕಾಯಲು ಏನೂ ಉಳಿದಿರಲಿಲ್ಲ. ಚುನಾವಣೆ ಬಂತೆಂದರೆ ಪರವಾನಗಿಯ ಕೋವಿಗಳು ಠಾಣೆಯಲ್ಲಿ ಠೇವಣಿಯಾಗುತ್ತವೆ, ಮತ್ತೆ ಕೈಗೆ ಬರುವ ತನಕ ತಗಡು ಬಡಿದು ಕಾಯುವುದೊಂದೇ ದಾರಿ.

ಇನ್ನು ಗಡಿಯ ತೊಡಕು. ನಮ್ಮ ಕಾಡು ಮುಗಿಯುವಲ್ಲಿ ಸುಳ್ಯದ ಕಾಡು ತೊಡಗುತ್ತದೆ. ಪಯಸ್ವಿನಿ ಅಲ್ಲಿಂದ ಇಲ್ಲಿಗೆ ಹರಿಯುವಂತೆ ಹಂದಿಯೂ ಆನೆಯೂ ನಡೆದು ಬರುತ್ತವೆ. ಆಚೆ ನನ್ನ ಭಾವನ ತೋಟವಿದೆ. ಒಂದೇ ಹಿಂಡು ನಿನ್ನೆ ಅವನಲ್ಲಿ, ಇಂದು ನಮ್ಮಲ್ಲಿ. ಕೇಂದ್ರದ ಕಾಯ್ದೆ ಇಬ್ಬರಿಗೂ ಒಂದೇ ಆದರೂ ನಮ್ಮ ಪಂಚಾಯತಿನ ಆದೇಶ ಗಡಿಯಾಚೆ ನಡೆಯದು, ಅವನು ಅಲ್ಲಿನ ಅರಣ್ಯ ಇಲಾಖೆಗೇ ಅರ್ಜಿ ಹಿಡಿದು ಹೋಗಬೇಕು.

ಮಂಗನ ವಿಷಯದಲ್ಲಿ ಪಂಚಾಯತಿನ ಕೈಯೂ ಕಟ್ಟಿದೆ. ಕಾಯ್ದೆಯ 2022ರ ತಿದ್ದುಪಡಿ ನಮ್ಮ ಊರಿನ ಮಂಗವನ್ನು ಅತಿ ಹೆಚ್ಚಿನ ರಕ್ಷಣೆಯ ಮೊದಲನೆಯ ಅನುಸೂಚಿಗೆ ಸೇರಿಸಿದ್ದರಿಂದ, ಬೆಳೆಹಾನಿಯ ಕಾರಣಕ್ಕೆ ಅದನ್ನು ಕೊಲ್ಲಲು ಅನುಮತಿ ಕೊಡುವ ದಾರಿಯೇ ಇಲ್ಲವಾಯಿತು. ಕೊಲ್ಲಬೇಕೆಂದು ನಾನೂ ಬಯಸುವುದಿಲ್ಲ. ಹಿಡಿದು ಸಂತಾನಹರಣ ಮಾಡುವ ಕೆಲಸವಾದರೂ ಸರಿಯಾಗಿ ನಡೆಯಬೇಕು. 2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಈ ಮಂಗವನ್ನು ಎರಡನೆಯ ಅನುಸೂಚಿಗೆ ಇಳಿಸುವ, ಉಪದ್ರವಕಾರಿ ಪ್ರಾಣಿಯ ಘೋಷಣೆಯನ್ನು ರಾಜ್ಯವೇ ಮಾಡಬಹುದೆನ್ನುವ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಕೇಂದ್ರದ ಕಾಯ್ದೆಯನ್ನು ತಿದ್ದುವಂಥದ್ದಾದುದರಿಂದ ರಾಷ್ಟ್ರಪತಿಗಳ ಅಂಕಿತವಿಲ್ಲದೆ ಅದು ಜಾರಿಗೆ ಬಾರದು. ನಾನು ಅಷ್ಟು ಕಾಲ ತಡೆಯಲಾರದೆ ಹೋದೆ: ಮಂಗಗಳು ಒಂದು ಕಾಯನ್ನೂ ಉಳಿಸದ ಕಾರಣ, ಅಪ್ಪ ನೆಟ್ಟಿದ್ದ ಕೊಕ್ಕೋ ಗಿಡಗಳನ್ನು ಕಳೆದ ಮಳೆಗಾಲಕ್ಕೆ ಮುಂಚೆ ಕಡಿಸಿದೆ.