ಅಕಾಲದ ಕ್ರೂಸ್: ಹವೆ ತೂಗಿ ಹಣ ಕಟ್ಟುವುದು

ಚಳಿ ಸೀಮೆಯ ಕ್ರೂಸ್‌ಗಳು ಸೀಸನ್ನಿನ ಎರಡು ಅಂಚಿನಲ್ಲಿ ಅಗ್ಗ. ಆ ಅಗ್ಗದ ಹಿಂದಿರುವ ಗಾಳಿ, ಮಳೆ, ಕತ್ತಲನ್ನು ಲೆಕ್ಕ ಹಾಕುವುದು ಹೇಗೆ ಎಂದು ಕೇಳಿದ ಐದು ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಅಲಾಸ್ಕಾಗೆ ಏಳು ರಾತ್ರಿಯ ಕ್ರೂಸ್ ನೋಡುತ್ತಿದ್ದೇವೆ. ಮೇ ಮೊದಲ ವಾರಕ್ಕೂ ಸೆಪ್ಟೆಂಬರ್ ಕೊನೆಯ ವಾರಕ್ಕೂ ಜುಲೈ ದರದ ಹೆಚ್ಚುಕಡಿಮೆ ಅರ್ಧ. ಎರಡೂ ಚಳಿಯೇ ತಾನೆ, ಯಾವುದಾದರೇನು ಎನ್ನುತ್ತಾರೆ ಮನೆಯವರು. ನಿಜವೇ?

ಚಳಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಮಳೆಯಲ್ಲಿದೆ. ಹಡಗುಗಳು ಓಡಾಡುವ ಆಗ್ನೇಯ ಅಲಾಸ್ಕಾದಲ್ಲಿ ಏಪ್ರಿಲ್, ಮೇ ತಿಂಗಳುಗಳು ವರ್ಷದಲ್ಲೇ ಒಣಗಿದವು. ಸೆಪ್ಟೆಂಬರ್, ಅಕ್ಟೋಬರ್ ಅತಿ ಹೆಚ್ಚು ಮಳೆಯವು. ಜೂನೋ ಊರಿಗೆ ಮೇನಲ್ಲಿ ಬೀಳುವ ಮಳೆಯ ಎರಡು ಪಟ್ಟಿಗೂ ಹೆಚ್ಚು ಸೆಪ್ಟೆಂಬರಿನಲ್ಲಿ ಬೀಳುತ್ತದೆ. ಕೆಚಿಕನ್‌ನಲ್ಲಂತೂ ವರ್ಷದ ಮಳೆ 3,500 ಮಿಲಿಮೀಟರ್ ದಾಟುತ್ತದೆ. ಶರತ್ಕಾಲ ಬಂತೆಂದರೆ ಅಲಾಸ್ಕಾ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಒಂದರ ಬೆನ್ನಿಗೊಂದು ಏಳುತ್ತವೆ. ಮಳೆಯ ಜೊತೆಗೆ ಬಿರುಗಾಳಿಯೂ ಬರುವುದು ಅದರಿಂದಲೇ.

ಬೆಳಕಿನ ಲೆಕ್ಕವನ್ನೂ ಹಾಕಿ. ಮೇ ಮೊದಲ ವಾರ ಜೂನೋದಲ್ಲಿ ಹಗಲು ಸುಮಾರು 16 ಗಂಟೆ. ಸೆಪ್ಟೆಂಬರ್ ಕೊನೆಗೆ 12 ಗಂಟೆಗೂ ಕಡಿಮೆ. ದಡದ ಬೆಟ್ಟ ನೋಡುತ್ತಾ ಸಾಗುವುದೇ ಈ ಪ್ರಯಾಣದ ಅರ್ಧ ಸುಖ, ಹಾಗಾಗಿ ದಿನಕ್ಕೆ ನಾಲ್ಕು ಗಂಟೆ ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಸೆಪ್ಟೆಂಬರಿನ ಪರವಾಗಿಯೂ ಒಂದು ಮಾತಿದೆ: ರಾತ್ರಿ ಕತ್ತಲಾಗುವುದರಿಂದ ಧ್ರುವಪ್ರಭೆ, ಎಂದರೆ ಆಕಾಶದಲ್ಲಿ ಆಡುವ ಬಣ್ಣದ ಬೆಳಕು, ಕಾಣುವ ಅವಕಾಶ ಇದೆ. ಆದರೆ ಮೋಡವೇ ಮುಚ್ಚಿರುವ ತಿಂಗಳಲ್ಲಿ ಅದನ್ನೇ ನಂಬಿ ಹಣ ಕಟ್ಟಬೇಡಿ.

ಮೇ ತಿಂಗಳಿಗೂ ಅದರದೇ ತೊಡಕುಗಳಿವೆ. ಬೆಟ್ಟಗಳ ನಡುವೆ ಚಾಚಿದ ಇಕ್ಕಟ್ಟಾದ ಕಡಲ ಸೀಳುಗಳಾದ ಫಿಯರ್ಡ್‌ಗಳಲ್ಲಿ ತೇಲುವ ಹಿಮಗಡ್ಡೆ ದಟ್ಟವಾಗಿದ್ದರೆ ಗ್ಲೇಸಿಯರ್ (ಹಿಮನದಿ) ಇನ್ನೂ ಕೆಲವು ಮೈಲಿ ದೂರವಿರುವಾಗಲೇ ಹಡಗು ತಿರುಗಿಬಿಡುತ್ತದೆ. ಎತ್ತರದ ಕಾಲುದಾರಿಗಳಲ್ಲಿ ಹಿಮ ಕರಗಿರುವುದಿಲ್ಲ. ತೊರೆಗಳಲ್ಲಿ ಸಾಲ್ಮನ್ ಮೀನು ಹಿಡಿಯುವ ಕರಡಿಯನ್ನು ನೋಡಬೇಕೆಂದರೆ ಜುಲೈವರೆಗೆ ಕಾಯಬೇಕು. ಡೆನಾಲಿ ಉದ್ಯಾನದ ಬಸ್ಸುಗಳು ಶುರುವಾಗುವುದು ಮೇ 20ರ ಸುಮಾರಿಗೆ.

ತಿಂಗಳಿನಷ್ಟೇ ಮುಖ್ಯವಾದದ್ದು ದಾರಿ. ವ್ಯಾಂಕೂವರ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗು ಬಹುಪಾಲು ದ್ವೀಪಗಳ ಮರೆಯಲ್ಲೇ, ಇನ್‌ಸೈಡ್ ಪ್ಯಾಸೇಜ್‌ನಲ್ಲಿ ಸಾಗುತ್ತದೆ. ಕ್ವೀನ್ ಷಾರ್ಲಟ್ ಸೌಂಡ್, ಡಿಕ್ಸನ್ ಎಂಟ್ರೆನ್ಸ್‌ನಂಥ ಕೆಲವೇ ಕಡೆ ತೆರೆದ ಸಾಗರದ ಅಲೆ ಒಳಗೆ ನುಗ್ಗುತ್ತದೆ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಬದಿಯಿಂದ, ಬಯಲು ಪೆಸಿಫಿಕ್‌ನಲ್ಲಿ ಹೋಗುತ್ತವೆ. ಸೂಯರ್ಡ್ ಅಥವಾ ವಿಟಿಯರ್‌ನಲ್ಲಿ ಮುಗಿಯುವ ಒಮ್ಮುಖ ಪ್ರಯಾಣಗಳು ಅಲಾಸ್ಕಾ ಕೊಲ್ಲಿಯನ್ನೇ ದಾಟಬೇಕು. ಜುಲೈನಲ್ಲಿ ಈ ಮೂರರ ನಡುವೆ ದೊಡ್ಡ ಅಂತರ ಕಾಣದಿರಬಹುದು. ಸೆಪ್ಟೆಂಬರ್ ಕೊನೆಗೆ ಖಂಡಿತ ಕಾಣುತ್ತದೆ.

ನಮ್ಮ ಆಯ್ಕೆ: ಮೇ ತಿಂಗಳು, ವ್ಯಾಂಕೂವರ್‌ನಿಂದ, ಪಟ್ಟಿಯಲ್ಲಿ ಗ್ಲೇಸಿಯರ್ ಬೇ ಇರುವ ಹಡಗು. ದರದ ವ್ಯತ್ಯಾಸ ಅಷ್ಟಿಲ್ಲದಿದ್ದರೆ ಮೊದಲ ವಾರಕ್ಕಿಂತ ಮೂರನೇ ವಾರ ಒಳ್ಳೆಯದು.

ಪ್ರಶ್ನೆ: ಈಗ ಬುಕ್ ಮಾಡಿಟ್ಟು, ಹೊರಡುವ ಮುಂಚೆ ಹವಾಮಾನ ಮುನ್ಸೂಚನೆ ನೋಡಿ ಬೇಡವೆನಿಸಿದರೆ ರದ್ದು ಮಾಡಬಹುದಲ್ಲವೇ? ಅದು ಆಗದಿದ್ದರೆ ಅಪಾಯವನ್ನು ಮೊದಲೇ ಅಳೆಯುವುದು ಹೇಗೆ?

ಆಗುವುದಿಲ್ಲ. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವ ದಿನಕ್ಕೆ 60ರಿಂದ 120 ದಿನ ಮೊದಲು. ಅಲ್ಲಿಂದ ಮುಂದೆ ರದ್ದು ಮಾಡಿದರೆ ಕಡಿತ ಹಂತಹಂತವಾಗಿ ಏರಿ ಕೊನೆಗೆ ಪೂರ್ತಿ ಹಣವೇ ಹೋಗುತ್ತದೆ. ಸಮುದ್ರದ ಗಾಳಿ–ಅಲೆಯ ಮುನ್ಸೂಚನೆಯನ್ನು ನೆಚ್ಚಿಕೊಳ್ಳಬಹುದಾದದ್ದು ಐದರಿಂದ ಏಳು ದಿನಕ್ಕೆ. ಅಂದರೆ ಮುನ್ಸೂಚನೆ ಕೈಗೆ ಸಿಗುವ ಹೊತ್ತಿಗೆ ಹಣ ಕೈಬಿಟ್ಟಿರುತ್ತದೆ. ತೀರ್ಮಾನ ಏನಿದ್ದರೂ ಹಲವು ವರ್ಷಗಳ ಹವಾಮಾನ ದಾಖಲೆಯ ಮೇಲೆಯೇ.

ಆ ದಾಖಲೆಯಲ್ಲಿ ಸರಾಸರಿ ಉಷ್ಣತೆಯನ್ನು ನೋಡಿ ಪ್ರಯೋಜನ ಕಡಿಮೆ. ಚಳಿಗೆ ಕೋಟು ಇದೆ. ನೋಡಬೇಕಾದ್ದು ಮೂರು ಅಂಕಿ: ಆ ತಿಂಗಳಲ್ಲಿ ಮಳೆ ಬೀಳುವ ದಿನಗಳೆಷ್ಟು, ಬಿರುಗಾಳಿ ಶೇಕಡಾ ಎಷ್ಟು, ಅಲೆಯ ಎತ್ತರ ಎಷ್ಟು. ಕೊನೆಯ ಎರಡಕ್ಕೆ ನಾವಿಕರು ಬಳಸುವ ಪೈಲಟ್ ಚಾರ್ಟ್‌ಗಳು ಒಳ್ಳೆಯ ಆಧಾರ. ಅಮೆರಿಕ ಸರ್ಕಾರ ಇವನ್ನು ಸಾಗರವಾರು, ತಿಂಗಳುವಾರು ಪ್ರಕಟಿಸುತ್ತದೆ, ಉಚಿತವಾಗಿ ಸಿಗುತ್ತವೆ. ಸಮುದ್ರವನ್ನು ಐದೈದು ಡಿಗ್ರಿಯ ಚೌಕಗಳಾಗಿ ಭಾಗಿಸಿ, ಪ್ರತಿ ಚೌಕದಲ್ಲಿ ಬೋಫರ್ಟ್ ಮಾಪಕದ 8 ಅಥವಾ ಅದಕ್ಕೂ ಹೆಚ್ಚಿನ ಗಾಳಿ, ಎಂದರೆ ಗಂಟೆಗೆ 62 ಕಿಲೋಮೀಟರ್ ಮೇಲ್ಪಟ್ಟದ್ದು, ಶೇಕಡಾ ಎಷ್ಟು ವರದಿಗಳಲ್ಲಿ ಕಂಡಿತು ಎಂದು ಬರೆದಿರುತ್ತಾರೆ. ಅದೇ ಚೌಕವನ್ನು ನಿಮ್ಮ ತಿಂಗಳ ನಕ್ಷೆಯಲ್ಲೂ ಜುಲೈ ನಕ್ಷೆಯಲ್ಲೂ ಅಕ್ಕಪಕ್ಕ ಇಟ್ಟು ನೋಡಿ.

ಓದುವಾಗ ಎರಡು ಎಚ್ಚರ. ಶೇಕಡಾ 10 ಎಂದಿದ್ದರೆ ನಿಮಗೆ ಬಿರುಗಾಳಿ ಸಿಗುವ ಸಾಧ್ಯತೆ ಹತ್ತಕ್ಕೆ ಒಂದು ಎಂದಲ್ಲ. ಅದು ಯಾವುದೋ ಒಂದು ಕ್ಷಣದ ಲೆಕ್ಕ. ಎರಡು ದಿನ ಆ ನೀರಿನಲ್ಲೇ ಇರುವವರಿಗೆ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಅದಕ್ಕಿಂತ ಹೆಚ್ಚು. ಎರಡನೆಯದು, ಹವಾಮಾನ ವರದಿಗಳಲ್ಲಿ ಹೇಳುವ ಅಲೆಯ ಎತ್ತರ ಎಲ್ಲ ಅಲೆಗಳ ಸರಾಸರಿ ಅಲ್ಲ. ಅತಿ ಎತ್ತರದ ಮೂರನೇ ಒಂದು ಭಾಗ ಅಲೆಗಳ ಸರಾಸರಿ. 3 ಮೀಟರ್ ಎಂದರೆ ನಡುನಡುವೆ 6 ಮೀಟರಿನ ಒಂಟಿ ಅಲೆಯೂ ಬರುತ್ತದೆ. ಮುನ್ನೂರು ಮೀಟರ್ ಉದ್ದದ ಹಡಗು ಅದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ನೂರು ಮೀಟರಿನ ಹಡಗಿನಲ್ಲಿ ಊಟದ ತಟ್ಟೆ ಮೇಜಿನ ಮೇಲೆ ಜಾರುತ್ತದೆ.

ಆಮೇಲೆ ಪ್ರಯಾಣದ ವೇಳಾಪಟ್ಟಿಯನ್ನು ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಕೂರಿ. ಪ್ರತಿ ಬಂದರಿನ ಮುಂದೆ ಹಡಗು ಕಟ್ಟೆಗೆ ಕಟ್ಟುತ್ತದೋ ಅಥವಾ ದೂರದಲ್ಲಿ ಲಂಗರು ಹಾಕಿ ಟೆಂಡರ್ ದೋಣಿಯಲ್ಲಿ ಜನರನ್ನು ಇಳಿಸುತ್ತದೋ ಬರೆಯಿರಿ. ವೇಳಾಪಟ್ಟಿಯಲ್ಲಿ ಪುಟ್ಟ ಲಂಗರಿನ ಚಿಹ್ನೆ ಇದ್ದರೆ ಅದು ಟೆಂಡರ್ ಬಂದರು. ಹವೆ ಕೆಟ್ಟಾಗ ಮೊದಲು ಕೈಬಿಡುವುದು ಅದನ್ನೇ. ಹಡಗಿನ ಬಾಗಿಲ ಬಳಿ ದೋಣಿ ಒಂದು ಮೀಟರ್ ಏರಿ ಇಳಿಯುತ್ತಿದ್ದರೆ ವಯಸ್ಸಾದವರೊಬ್ಬರ ಕಾಲು ನಡುವೆ ಸಿಕ್ಕಿಕೊಳ್ಳಲು ಕ್ಷಣ ಸಾಕು. ಕ್ಯಾಪ್ಟನ್ ಆ ಅಪಾಯಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಫಾಕ್‌ಲ್ಯಾಂಡ್ ದ್ವೀಪಗಳ ಸ್ಟ್ಯಾನ್ಲಿ ಹೀಗೆ ಮತ್ತೆ ಮತ್ತೆ ತಪ್ಪುವ ಬಂದರು. ಕಟ್ಟೆ ಇದ್ದರೂ ಪೂರ್ತಿ ನಿಶ್ಚಿಂತೆ ಇಲ್ಲ: ಹದಿನೈದು ಅಂತಸ್ತಿನ ಹಡಗಿನ ಮೈಯೇ ಒಂದು ಹಾಯಿ ಇದ್ದಂತೆ, ಅಡ್ಡಗಾಳಿ 25–30 ನಾಟ್ (ಗಂಟೆಗೆ ಸುಮಾರು 46–56 ಕಿಲೋಮೀಟರ್) ದಾಟಿದರೆ ಕಟ್ಟೆಗೆ ತರುವುದು ಕಷ್ಟ.

ಕೊನೆಗೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾವುದೊಂದು ತಪ್ಪಿದರೆ ಈ ಪ್ರಯಾಣಕ್ಕೆ ಬಂದದ್ದೇ ವ್ಯರ್ಥ ಎನಿಸುತ್ತದೆ? ಅದು ಒಂದೇ ದಿನ, ಒಂದೇ ಬಂದರು, ಅದರಲ್ಲೂ ಟೆಂಡರ್ ಬಂದರಿಗೆ ಕಟ್ಟುಬಿದ್ದಿದ್ದರೆ ಸೀಸನ್ನಿನಲ್ಲೇ ಹೋಗಿ, ಹೆಚ್ಚು ಹಣವಾದರೂ ಸರಿ. ಅದು ಹಲವು ದಿನಗಳಲ್ಲಿ ಹಂಚಿಹೋಗಿದ್ದರೆ ಅಗ್ಗದ ದರವನ್ನು ಧೈರ್ಯವಾಗಿ ತೆಗೆದುಕೊಳ್ಳಿ.

ಪ್ರಶ್ನೆ: ಧ್ರುವಪ್ರಭೆ ನೋಡಲು ಫೆಬ್ರವರಿಯಲ್ಲಿ ನಾರ್ವೆ ಕರಾವಳಿ ಹಡಗಿನಲ್ಲಿ ಹೋಗುವ ಆಸೆ. ಜೊತೆಗೆ 68 ವರ್ಷದ ತಾಯಿ ಇರುತ್ತಾರೆ. ಅವರಿಗೆ ಬಸ್ಸಿನಲ್ಲೂ ವಾಕರಿಕೆ ಬರುತ್ತದೆ. 2019ರಲ್ಲಿ ಅಲ್ಲಿ ಹಡಗೊಂದು ಸಿಕ್ಕಿಹಾಕಿಕೊಂಡದ್ದನ್ನು ಓದಿ ಹೆದರಿದ್ದಾರೆ.

ಮೊದಲು ಹೆದರಿಕೆಯ ಮಾತು. 2019ರ ಮಾರ್ಚ್ 23ರಂದು ವೈಕಿಂಗ್ ಸ್ಕೈ ಹಡಗು ಹುಸ್ಟಡ್‌ವಿಕಾ ಎಂಬ ಬಯಲು ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿ ಎಂಜಿನ್ ಕಳೆದುಕೊಂಡಿತು. ಹಡಗಿನಲ್ಲಿದ್ದದ್ದು 1,373 ಜನ; ನಾನೂರಕ್ಕೂ ಹೆಚ್ಚು ಮಂದಿಯನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿದರು, ಜೀವಹಾನಿ ಆಗಲಿಲ್ಲ. ಅಲೆ ಹಡಗನ್ನು ಮುರಿದಿರಲಿಲ್ಲ. ಎಂಜಿನ್‌ಗಳ ಲೂಬ್ರಿಕೇಟಿಂಗ್ ಆಯಿಲ್ ಮಟ್ಟ ಕಡಿಮೆಯಿತ್ತು; ಹಡಗು ಹೊಯ್ದಾಡಿದಾಗ ಎಣ್ಣೆ ಸರಿಯಾಗಿ ಪಂಪ್‌ಗೆ ಸಿಗದೆ ಎಂಜಿನ್‌ಗಳು ತಾವಾಗಿ ನಿಂತವು. ನಿಮ್ಮ ತಾಯಿಯವರಿಗೆ ಇದನ್ನು ಹೀಗೆಯೇ ವಿವರಿಸಿ. ಚಳಿಗಾಲದ ನಾರ್ವೆಯಲ್ಲಿ ಸಾಮಾನ್ಯವಾಗಿ ಆಗುವುದು ಅಪಘಾತವಲ್ಲ, ತಡ: ಗಾಳಿ ಜೋರಿದ್ದರೆ ಹಡಗು ಕಾಯುತ್ತದೆ, ಇಲ್ಲವೇ ಒಂದೆರಡು ಬಂದರು ಬಿಟ್ಟು ಮುಂದೆ ಹೋಗುತ್ತದೆ.

ಬೆರ್ಗೆನ್‌ನಿಂದ ಕಿರ್ಕೆನೆಸ್‌ಗೆ ಹೋಗಿ ಮರಳುವ ಈ ಪ್ರಯಾಣದಲ್ಲಿ 34 ಬಂದರುಗಳಿವೆ, ಆದ್ದರಿಂದ ಒಂದು ತಪ್ಪಿದರೆ ಲೋಕ ಮುಳುಗುವುದಿಲ್ಲ. ದಾರಿಯ ಬಹುಭಾಗ ದ್ವೀಪಗಳ ಮರೆಯಲ್ಲಿದೆ. ಮೈ ಕುಲುಕುವುದು ಗೊತ್ತಿರುವ ಕೆಲವೇ ಕಡೆ: ಸ್ಟಾಡ್, ಹುಸ್ಟಡ್‌ವಿಕಾ, ಫೋಲ್ಡಾ, ಲೊಫೊಟೆನ್‌ಗೆ ಮುಂಚಿನ ವೆಸ್ಟ್‌ಫಿಯರ್ಡ್, ಲೊಪ್‌ಹಾವೆಟ್, ಆಮೇಲೆ ಬ್ಯಾರೆಂಟ್ಸ್ ಸಮುದ್ರದ ಅಂಚು. ಅಲ್ಲಿಗೆ ಯಾವ ಗಂಟೆಗೆ ತಲುಪುತ್ತೇವೆಂದು ಹಡಗಿನ ರಿಸೆಪ್ಷನ್‌ನಲ್ಲಿ ಕೇಳಿಟ್ಟುಕೊಂಡು, ವಾಕರಿಕೆ ತಡೆಯುವ ಮಾತ್ರೆಯನ್ನು ಅರ್ಧ–ಒಂದು ಗಂಟೆ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್ ಎರಡೂ ನಿದ್ದೆ ಬರಿಸುತ್ತವೆ. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿಯನ್ನು ಕನಿಷ್ಠ ನಾಲ್ಕು ಗಂಟೆ ಮುಂಚೆ ಹಾಕಬೇಕು, ಮೂರು ದಿನ ಕೆಲಸ ಮಾಡುತ್ತದೆ. ಆದರೆ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರಿಗೆ ಅಪಾಯ, ಮತ್ತು ವಯಸ್ಸಾದವರಲ್ಲಿ ಗಲಿಬಿಲಿ ತರಬಹುದು. ತಾಯಿಯವರ ವೈದ್ಯರನ್ನು ಕೇಳದೆ ಪಟ್ಟಿ ಬೇಡ.

ಕ್ಯಾಬಿನ್ ಹಡಗಿನ ನಟ್ಟನಡುವೆ, ಕೆಳಗಿನ ಅಂತಸ್ತಿನಲ್ಲಿ ಇರಲಿ. ಹಡಗು ಏತದಂತೆ ಆಡುವಾಗ ತುದಿಗಳು ಹೆಚ್ಚು ಏರಿಳಿಯುತ್ತವೆ, ನಡು ಕಡಿಮೆ. ಸ್ಟೆಬಿಲೈಜರ್ ಇದೆಯಲ್ಲ ಎಂದು ಏಜೆಂಟರು ಹೇಳಬಹುದು: ಅದು ಅಕ್ಕಪಕ್ಕದ ಓಲಾಟವನ್ನು ತಗ್ಗಿಸುತ್ತದೆ, ಹಿಂದುಮುಂದಿನ ಏರಿಳಿತವನ್ನಲ್ಲ.

ಧ್ರುವಪ್ರಭೆಗೆ ಈ ಪ್ರಯಾಣ ಒಳ್ಳೆಯ ಆಯ್ಕೆ, ಏಕೆಂದರೆ ಉತ್ತರದ ನೀರಿನಲ್ಲಿ ಐದಾರು ರಾತ್ರಿ ಸಿಗುತ್ತವೆ. ಉದಾಹರಣೆಗೆ, ಒಂದು ರಾತ್ರಿ ಆಕಾಶ ತಿಳಿಯಾಗಿರುವ ಸಾಧ್ಯತೆ ಶೇಕಡಾ 40 ಎಂದಿಟ್ಟುಕೊಳ್ಳಿ. ಎರಡೇ ರಾತ್ರಿ ಇದ್ದರೆ ಎರಡೂ ಮೋಡದಲ್ಲಿ ಹೋಗುವ ಸಾಧ್ಯತೆ 36. ಆರು ರಾತ್ರಿ ಇದ್ದರೆ ಅದು 5ಕ್ಕೆ ಇಳಿಯುತ್ತದೆ. ಮೋಡ ಕವಿದರೆ ಎರಡು ಮೂರು ದಿನ ಬಿಡದೆ ಕವಿಯುವುದರಿಂದ ನಿಜದ ಲೆಕ್ಕ ಇಷ್ಟು ಚೆಂದ ಇರುವುದಿಲ್ಲ, ಆದರೂ ಅಂತರ ದೊಡ್ಡದೇ. ಫೆಬ್ರವರಿ ನಡುವಿಗೆ ಟ್ರೊಮ್ಸೊದಲ್ಲಿ ಹಗಲೂ ಸುಮಾರು ಏಳು ಗಂಟೆ ಇರುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಾರ್ಚ್ ಮೊದಲೆರಡು ವಾರಕ್ಕೆ ತಳ್ಳಿದರೆ ಕತ್ತಲು, ಬೆಳಕು ಎರಡೂ ಸಾಕಷ್ಟು ಸಿಗುತ್ತವೆ.

ತಾಯಿಯವರ ವಿಷಯದಲ್ಲಿ ನಮಗೆ ಅಲೆಗಿಂತ ಹೆಚ್ಚು ಚಿಂತೆ ಬಂದರಿನ ರಸ್ತೆಗಳದ್ದು. ಹಿಮ ಕರಗಿ ಮತ್ತೆ ಗಟ್ಟಿಯಾಗಿ ಗಾಜಿನಂತಾಗಿರುತ್ತದೆ. ಬೂಟಿನ ಅಡಿಗೆ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿ ಇಲ್ಲದೆ ಅವರನ್ನು ಇಳಿಸಬೇಡಿ.

ಪ್ರಶ್ನೆ: ಹೋದ ಪ್ರಯಾಣದಲ್ಲಿ ಗಾಳಿಯ ಕಾರಣಕ್ಕೆ ಎರಡು ಬಂದರು ಬಿಟ್ಟರು. ಕಂಪನಿ ಪುಡಿಗಾಸು ಮಾತ್ರ ಕೊಟ್ಟಿತು. ಇದು ನ್ಯಾಯವೇ? ವಿಮೆಯಿಂದ ಬರುತ್ತಿತ್ತೇ?

ನಿಮಗೆ ಬೇಸರವಾದದ್ದು ಸಹಜ, ಆದರೆ ಟಿಕೆಟ್ಟಿನ ಒಪ್ಪಂದದಲ್ಲಿ ಅದಕ್ಕೆ ಸಹಿ ಬಿದ್ದಿರುತ್ತದೆ. ಸುರಕ್ಷತೆಗಾಗಿ ಯಾವ ಬಂದರನ್ನಾದರೂ ಬಿಡುವ, ಬದಲಿಸುವ ಹಕ್ಕು ಹಡಗಿನವರದು. ಸಾಮಾನ್ಯವಾಗಿ ಮರಳುವುದು ಆ ಬಂದರಿನ ತೆರಿಗೆ–ಶುಲ್ಕ, ಮತ್ತು ಹಡಗಿನವರ ಮೂಲಕವೇ ಕೊಂಡ ದಡದ ಪ್ರವಾಸದ ಹಣ. ಹೊರಗಿನ ಏಜೆಂಟರಲ್ಲಿ ಬುಕ್ ಮಾಡುವುದಾದರೆ ಹಡಗು ಬರದಿದ್ದರೆ ಹಣ ವಾಪಸ್ ಎಂಬ ಮಾತು ಬರವಣಿಗೆಯಲ್ಲಿ ಇರಲಿ.

ವಿಮೆಯಲ್ಲಿ ತಪ್ಪಿದ ಬಂದರಿಗೆ ಪರಿಹಾರ ಎಂಬ ಪ್ರತ್ಯೇಕ ಸಾಲು ಇದ್ದರೆ ಮಾತ್ರ ಬಂದರಿಗೆ ಇಷ್ಟು ಎಂದು ಸಿಗುತ್ತದೆ. ಹವೆ ಕೆಟ್ಟಿದೆ ಎಂಬ ಭಯದಿಂದ ನೀವೇ ರದ್ದು ಮಾಡಿದರೆ ಸಾಮಾನ್ಯ ಪಾಲಿಸಿ ಏನೂ ಕೊಡುವುದಿಲ್ಲ. ಯಾವ ಕಾರಣಕ್ಕಾದರೂ ರದ್ದು ಮಾಡುವ ಸೌಲಭ್ಯದ ಪಾಲಿಸಿಗಳು ಸಾಮಾನ್ಯವಾಗಿ 50ರಿಂದ 75 ಶೇಕಡಾ ಮರಳಿಸುತ್ತವೆ, ಆದರೆ ಮುಂಗಡ ಕಟ್ಟಿದ ಎರಡು ಮೂರು ವಾರದೊಳಗೇ ಕೊಳ್ಳಬೇಕು. ಬಿರುಗಾಳಿಯ ಸುದ್ದಿ ಬಂದ ಮೇಲೆ ಕೊಂಡ ವಿಮೆ ಆ ಬಿರುಗಾಳಿಗೆ ಅನ್ವಯಿಸುವುದಿಲ್ಲ. ಇನ್ನೊಂದು: ಚಳಿಗಾಲದಲ್ಲಿ ಹಡಗು ಹತ್ತುವ ಊರಿಗೆ ಎರಡು ದಿನ ಮೊದಲೇ ಸೇರಿ. ಹಿಮದಿಂದ ವಿಮಾನ ರದ್ದಾದರೆ ಹಡಗು ನಿಮಗಾಗಿ ಕಾಯುವುದಿಲ್ಲ.

ಪ್ರಶ್ನೆ: ಅಂಟಾರ್ಕ್ಟಿಕಾಗೆ ಮಾರ್ಚ್ ಕೊನೆಯ ಹಡಗಿಗೆ ದೊಡ್ಡ ರಿಯಾಯಿತಿ ಇದೆ. ಹೋಗಬಹುದೇ? ಬಟ್ಟೆ ಎಷ್ಟು ಬೇಕು?

ತಿಮಿಂಗಿಲ ನೋಡಲು ಹೋಗಬಹುದು. ಫೆಬ್ರವರಿ, ಮಾರ್ಚ್ ಅದಕ್ಕೆ ಒಳ್ಳೆಯ ಕಾಲ. ಬೆಳ್ಳಗಿನ ಹೊಸ ಹಿಮಕ್ಕೆ ನವೆಂಬರ್ ಬೇಕು. ಮಾರ್ಚ್ ಕೊನೆಗೆ ಹಗಲು ಬೇಗ ಕುಗ್ಗುತ್ತದೆ, ಹೋಗುವಾಗ ಬರುವಾಗ ತಲಾ ಎರಡು ದಿನ ಹಿಡಿಯುವ ಡ್ರೇಕ್ ಜಲಸಂಧಿಯೂ ಒರಟಾಗುತ್ತದೆ. ಎಲ್ಲಕ್ಕಿಂತ ಮೊದಲು ಹಡಗಿನಲ್ಲಿ ಎಷ್ಟು ಪ್ರಯಾಣಿಕರು ಎಂದು ಕೇಳಿ: 500ಕ್ಕಿಂತ ಹೆಚ್ಚು ಜನರನ್ನು ಒಯ್ಯುವ ಹಡಗು ಯಾರನ್ನೂ ದಡಕ್ಕೆ ಇಳಿಸುವುದಿಲ್ಲ. ಚಿಕ್ಕ ಹಡಗಿನಲ್ಲೂ ಒಂದು ಜಾಗದಲ್ಲಿ ಒಮ್ಮೆಗೆ ದಡದ ಮೇಲೆ ನೂರೇ ಪ್ರಯಾಣಿಕರು.

ಬಟ್ಟೆಯನ್ನು ಉಷ್ಣಮಾಪಕ ನೋಡಿ ಲೆಕ್ಕ ಹಾಕಬೇಡಿ. ಸೊನ್ನೆ ಡಿಗ್ರಿಯಲ್ಲಿ ಎಲೆಯೂ ಅಲುಗದ ದಿನವೂ 20 ನಾಟ್‌ನಲ್ಲಿ ಓಡುವ ಹಡಗಿನ ಮುಂದಿನ ಡೆಕ್‌ನಲ್ಲಿ ಗಂಟೆಗೆ 37 ಕಿಲೋಮೀಟರ್ ಗಾಳಿ ಮುಖಕ್ಕೆ ಬಡಿಯುತ್ತದೆ; ಮೈಗೆ ಅದು ಮೈನಸ್ 7 ಡಿಗ್ರಿ. ಒಳಗೆ ಉಣ್ಣೆ, ನಡುವೆ ಫ್ಲೀಸ್, ಹೊರಗೆ ಗಾಳಿಯೂ ನೀರೂ ತೂರದ ಜಾಕೆಟ್ ಮತ್ತು ಪ್ಯಾಂಟ್. ಒಳಪದರ ಹತ್ತಿಯದಾಗಿರಬಾರದು, ಬೆವರಿನಲ್ಲಿ ನೆಂದರೆ ಒಣಗುವುದಿಲ್ಲ. ಕೈಗೆ ಎರಡು ಜೊತೆ: ಕ್ಯಾಮೆರಾದ ಗುಂಡಿ ಒತ್ತಲು ತೆಳುವಾದದ್ದು, ಅದರ ಮೇಲೆ ದಪ್ಪನೆಯದು. ಕ್ಯಾಮೆರಾದ ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ. ಹೆಚ್ಚುವರಿ ಒಂದನ್ನು ಅಂಗಿಯ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಕ್ಯಾಬಿನ್‌ಗೆ ಮರಳುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ಗಂಟೆ ಹಾಗೇ ಬಿಡಿ. ತೇವ ಚೀಲದ ಮೇಲೆ ಕೂರುತ್ತದೆ, ಲೆನ್ಸಿನ ಮೇಲಲ್ಲ.